ಮಾತಿಗೆ ಕಾದ ರಾಗ

ಪ್ರೀತಿಯ ತಮ್ಮಾ,

ಮೊನ್ನೆ ಫೋನಿನಲ್ಲಿ "ರಾಗ ಸಿಕ್ಕಿದೆ ಅಕ್ಕಾ, ಮಾತೇ ಬರ್ತಿಲ್ಲ, ಬಿಟ್ಟುಬಿಡ್ತೇನೆ" ಅಂದೆಯಲ್ಲ, ಆಗ ಇಲ್ಲಿ ಕುಕ್ಕರ್ ಕೂಗುತ್ತಿತ್ತು. ಏನೂ ಹೇಳಲಾಗಲಿಲ್ಲ. ಈಗ ಎಲ್ಲರೂ ಮಲಗಿದ್ದಾರೆ, ಬರೆಯುತ್ತಿದ್ದೇನೆ.

ಮಾವ ಮಸ್ಕತ್‌ನಿಂದ ತಂದ ಜಾರ್ಸ್ ಆಫ್ ಕ್ಲೇ ಕ್ಯಾಸೆಟ್ಟು ನೆನಪಿದೆಯಾ? ಇದೆಂಥ ಗಲಾಟೆ ಎಂದು ಅಪ್ಪ ರೇಗಿದ್ದರು. ತಂಡದ ಹೆಸರೇ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ್ದು, ಅದೇ ಮಣ್ಣಿನ ಪಾತ್ರೆ, ಎಂದು ನೀನು ಸತ್ಯವೇದ ತೆರೆದು ತೋರಿಸಿದ ಮೇಲೆ ತಣ್ಣಗಾದರು. ಆದಿತ್ಯವಾರ ಮಾತ್ರ ಹಾಕಲು ಬಿಡಲಿಲ್ಲ, ಅದು ಬೇರೆ ಮಾತು.

ಇಲಿನಾಯ್ಸ್‌ನ ಗ್ರೀನ್‌ವಿಲ್ ಕಾಲೇಜಿನ ಹುಡುಗರು ಅವರು, 1993ರಲ್ಲಿ ಕೂಡಿಕೊಂಡವರು. ತಂಡದಲ್ಲಿ ಡ್ರಮ್ಮರ್ ಇರಲಿಲ್ಲ. ತಾಳದ ತುಣುಕನ್ನು ಯಂತ್ರದಲ್ಲಿ ಸುತ್ತಿಸಿ, ಅದರ ಮೇಲೆ ಮರದ ಗಿಟಾರು, ಪಿಟೀಲು ಹರಡಿದರು. 1995ರ ಮೊದಲ ಆಲ್ಬಮ್ಮಿನ 'ಲಿಕ್ವಿಡ್'ನಲ್ಲಂತೂ ಮಠದ ಸನ್ಯಾಸಿಗಳ ಪಠಣವೂ ಸೇರಿತು. ಆ ಹಾಡನ್ನೂ 'ಫ್ಲಡ್' ಅನ್ನೂ ರೂಪಿಸಿದವನು ಕಿಂಗ್ ಕ್ರಿಮ್ಸನ್‌ನ ಏಡ್ರಿಯನ್ ಬೆಲ್ಯೂ. 1996ರಲ್ಲಿ 'ಫ್ಲಡ್', ಚರ್ಚಿನ ಮೆಟ್ಟಿಲು ಹತ್ತದವರ ರೇಡಿಯೊಗಳಲ್ಲೂ ಕೇಳಿಸಿತು. ಇಲ್ಲದ ಡ್ರಮ್ಮರನೇ ಆ ಸದ್ದಿಗೆ ಗುರುತು ಕೊಟ್ಟ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಎರಡನೆಯದು, 1997ರ 'ಮಚ್ ಅಫ್ರೇಡ್', ಬಂದಾಗ ನೀನು ಮುನಿಸಿಕೊಂಡೆ. ಇಸ್ತ್ರಿ ಹಾಕಿದ ಅಂಗಿ ಹಾಗಿದೆ ಅಂದೆ. ಸ್ಟೀಫನ್ ಲಿಪ್ಸನ್ ನಿರ್ಮಾಣ ನುಣುಪೇ, ಒಪ್ಪಿದೆ. ಗ್ರ್ಯಾಮಿ ಬಂತೆಂದು ನಾನು ವಾದ ಮಾಡುವುದಿಲ್ಲ. ಆದರೆ ಅದರಲ್ಲಿರುವ 'ಫ್ರೇಲ್' ಅನ್ನು ಕತ್ತಲಲ್ಲಿ ಕೂತು ಒಮ್ಮೆ ಕೇಳು. ಕಾಲೇಜಿನಲ್ಲಿದ್ದಾಗ, 1994ರಲ್ಲಿ, ಹುಡುಗರು ಮಾಡಿಕೊಂಡ ಡೆಮೊಗೂ ಅದೇ ಹೆಸರು. ಆಗ ಆ ರಾಗಕ್ಕೆ ಸಾಹಿತ್ಯವೇ ಇರಲಿಲ್ಲ, ಬರಿಯ ವಾದ್ಯ. ಮೂರು ವರ್ಷ ಕಳೆದ ಮೇಲೆ ಮಾತು ಬಂದು ಕೂತಿತು. ಏಳು ನಿಮಿಷದ ಹತ್ತಿರ ಹೋಗುತ್ತದೆ, ಯಾವ ಅವಸರವೂ ಇಲ್ಲ. ಡ್ಯಾನ್ ಹೇಸಲ್‌ಟೈನ್ ದನಿ ಎತ್ತುವುದೂ ಇಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೇನೋ ಎಂಬ ಹಾಗೆ ಹಾಡುತ್ತಾನೆ. ಅಪ್ಪ ಕಾಯಿಲೆ ಮಲಗಿದ್ದ ಆ ಮಳೆಗಾಲ ನಾನು ಇದನ್ನು ಎಷ್ಟು ಸಲ ಕೇಳಿದೆನೋ. ನಿನಗೆ ಹೇಳಿರಲಿಲ್ಲ.

ಮುಂದೆ ಅವರು ಒಂದೇ ಕಡೆ ನಿಲ್ಲಲಿಲ್ಲ. 1999ರ 'ಇಫ್ ಐ ಲೆಫ್ಟ್ ದ ಜೂ' ತುಂಟಾಟ. 2003ರ 'ಹೂ ವಿ ಆರ್ ಇನ್‌ಸ್ಟೆಡ್' ಹೊತ್ತಿಗೆ ಜಗಲಿಯಲ್ಲಿ ಕೂತು ನುಡಿಸಿದಂಥ ಜಾನಪದದ ಧಾಟಿ; ನನಗೆ ಎಲ್ಲಕ್ಕಿಂತ ಇಷ್ಟ. 2005ರಲ್ಲಿ 'ರಿಡೆಂಪ್ಶನ್ ಸಾಂಗ್ಸ್', ಅಜ್ಜ ಅಜ್ಜಿಯರ ಕಾಲದ ಕೀರ್ತನೆಗಳು. ಅಲಬಾಮಾದ ಬ್ಲೈಂಡ್ ಬಾಯ್ಸ್ ಕೂಡ ಜೊತೆಗೆ ಹಾಡಿದ್ದಾರೆ. ನೀನು ಒಂದು ಕೀರ್ತನೆಯ ಧಾಟಿ ಬದಲಿಸಿದ್ದಕ್ಕೆ ಸಭೆಯ ಹಿರಿಯರೊಬ್ಬರು ಎದ್ದು ಹೊರಗೆ ಹೋದದ್ದು ಆಗ ನೆನಪಾಗಿ ಒಬ್ಬಳೇ ನಕ್ಕೆ. 2009ರದ್ದು ಪೂರ್ತಿ ಸಿಂತ್, ಎಂಬತ್ತರ ದಶಕದ ಮಿಣಿಮಿಣಿ. ಎರಡು ಸಲಕ್ಕಿಂತ ಹೆಚ್ಚು ನನ್ನಿಂದಾಗಲಿಲ್ಲ. 2013ರ 'ಇನ್‌ಲ್ಯಾಂಡ್' ದೊಡ್ಡವರಾದ ಗಂಡಸರ ಹಾಡು. ಅದನ್ನು ನೀನು ಕೇಳಿಯೇ ಇಲ್ಲ ಅಂತ ನನಗೆ ಗುಮಾನಿ.

ನಿನ್ನ ರಾಗವನ್ನು ಅಳಿಸಬೇಡ ಮಾರಾಯ. ಆದಿತ್ಯವಾರ ಆರಾಧನೆ ಮುಗಿಸಿ ಬಂದ ಮೇಲೆ ಫೋನ್ ಮಾಡುತ್ತೇನೆ, ಮಾತಿಲ್ಲದೆಯೇ ಒಮ್ಮೆ ನುಡಿಸು. ಅಮ್ಮನ ಕಿವಿಗೂ ಹಿಡಿಯುತ್ತೇನೆ. ಕುಕ್ಕರ್ ಮೊದಲೇ ಇಳಿಸಿಟ್ಟಿರುತ್ತೇನೆ.

ನಿನ್ನ,
ಅಕ್ಕ