ದೇಶವೂ ಕೋಶವೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಕೋಶವೆಂದರೆ ಗ್ರಂಥವೆಂದು ನಾವು ಶಾಲೆಯ ಮಕ್ಕಳಿಗೆ ಅರ್ಥ ಹೇಳುತ್ತ ಬಂದಿದ್ದೇವೆ. ಅದೇ ಪದಕ್ಕೆ ಭಂಡಾರ, ಬೊಕ್ಕಸ ಎಂಬ ಇನ್ನೊಂದು ಅರ್ಥವೂ ಉಂಟೆಂಬುದು ನಮಗೆ ತಿಳಿಯದ ಸಂಗತಿಯೇನಲ್ಲ. ಆದರೆ ದೇಶ ಸುತ್ತತಕ್ಕವನು ಆ ಎರಡನೆಯ ಕೋಶವನ್ನೂ ತಕ್ಕಮಟ್ಟಿಗೆ ಓದಿಕೊಂಡೇ ಹೊರಡಬೇಕೆಂಬ ವಿವೇಕ ನಮಗೆ ಬಂದದ್ದು ಹತ್ತು ಸಾವಿರ ರೂಪಾಯಿ ತೆತ್ತ ಮೇಲೆ. ನಾವು ಹಣ ಕೊಟ್ಟು ಕಲಿತ ಪಾಠವನ್ನು ವಾಚಕರು ಪುಕ್ಕಟೆಯಾಗಿ ಕಲಿಯಲೆಂಬುದೇ ಈ ಬರಹದ ಉದ್ದೇಶ.

ನಮ್ಮದು ಮೊರಪ್ಪೂರು. ಜೋಲಾರಪೇಟೆಯಿಂದ ಸೇಲಮ್ಮಿಗೆ ಹೋಗುವ ರೈಲುದಾರಿಯಲ್ಲಿ ಒಂದು ಸಾಧಾರಣ ನಿಲ್ದಾಣ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಎರಡೂ ನಮ್ಮವೇ. ಒಂದು ಕಾಲದಲ್ಲಿ ಇಲ್ಲಿಂದ ಧರ್ಮಪುರಿಗೆ ಕಿರಿದಾದ ಹಳಿಯ ಪುಟ್ಟ ರೈಲೊಂದು ಓಡುತ್ತಿತ್ತು. 1906ರಲ್ಲಿ ಆರಂಭವಾಗಿ, 1913ರಲ್ಲಿ ಹೊಸೂರನ್ನು ಮುಟ್ಟಿ, 1941ರಲ್ಲಿ ನಿಂತುಹೋಯಿತು. ನಮ್ಮ ತಾತನವರು ಹುಡುಗರಾಗಿದ್ದಾಗ ತಮ್ಮ ತಂದೆಯೊಡನೆ ಅದರಲ್ಲಿ ಪಯಣ ಮಾಡಿದ್ದರಂತೆ. ಆ ಪಯಣದ ವಿಷಯದಲ್ಲಿ ಅವರಿಗೆ ಕೊನೆಯವರೆಗೂ ನೆನಪಿದ್ದದ್ದು ಹಾದಿಯ ಗುಡ್ಡಗಳಲ್ಲ, ಇಂಜಿನ್ನಿನ ಕೂಗೂ ಅಲ್ಲ. ತಂದೆಯ ಸೊಂಟಕ್ಕೆ ಕಟ್ಟಿದ್ದ ಹಮ್ಮಿಣಿ. ದಾರಿಯ ಖರ್ಚಿಗೆ ಬೇಕಾದ ಚಿಲ್ಲರೆ ಜೇಬಿನಲ್ಲಿ. ಉಳಿದದ್ದು ಹಮ್ಮಿಣಿಯಲ್ಲಿ, ಪಂಚೆಯ ಒಳಗೆ. ಜನರೆದುರಿಗೆ ಹಮ್ಮಿಣಿಯನ್ನು ಬಿಚ್ಚುತ್ತಿರಲಿಲ್ಲ. ಈ ಕಥೆಯನ್ನು ನಾವು ಎಷ್ಟೋ ಸಲ ಕೇಳಿ, ಹಳೆಯ ಕಾಲದವರ ಭಯವೆಂದು ನಕ್ಕಿದ್ದೆವು.

ನಮಗೂ ದೇಶ ಸುತ್ತುವ ಯೋಗ ಒದಗಿತು. ನಮ್ಮ ತಂಗಿ ತನ್ನ ಯಜಮಾನರೊಡನೆ ಮಲೇಶಿಯಾದ ಕೌಲಾಲಂಪುರದಲ್ಲಿ ಇದ್ದಾಳೆ. ಹೋದ ವರ್ಷದ ಬೇಸಗೆಯಲ್ಲಿ ಅವಳಿಗೆ ಚೊಚ್ಚಲ ಹೆರಿಗೆ. ತಾಯಿಯವರು ಬಾಣಂತನಕ್ಕೆ ಹೋಗಲೇಬೇಕು, ಒಬ್ಬರೇ ಹೋಗಲಾರರು, ನಮಗೆ ಶಾಲೆಯ ರಜೆ. ಹೀಗೆ ಎಲ್ಲವೂ ಕೂಡಿಬಂತು. ತಾಯಿಯವರು ಎರಡು ವರ್ಷದ ಹುಣಸೆಹಣ್ಣಿನ ಹಣವನ್ನೂ ಚೀಟಿಯ ಹಣವನ್ನೂ ಸೇರಿಸಿ ಅರವತ್ತು ಸಾವಿರ ರೂಪಾಯಿಗಳನ್ನು ನಮ್ಮ ಕೈಗಿತ್ತರು. ಅದರಲ್ಲಿ ಮಗಳ ಖರ್ಚು ಕಳೆದು ಉಳಿದುದರಲ್ಲಿ, ಮಗುವಿಗೆ ವರ್ಷ ತುಂಬುವ ವೇಳೆಗೆ ಬೆಳ್ಳಿಯ ಉಡಿದಾರ ಮಾಡಿಸಬೇಕೆಂಬುದು ಅವರ ಸಂಕಲ್ಪ. ನಾವು ಆ ಹಣವನ್ನು ನಮ್ಮ ಸಂಬಳದ ಖಾತೆಗೇ ಕಟ್ಟಿದೆವು.

"ಮಗಾ, ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತೀಯಲ್ಲ" ಎಂದರು ತಾಯಿ. ಅವರದು ಸಾಸಿವೆಯ ಡಬ್ಬಿಯಲ್ಲಿಷ್ಟು, ಸೆರಗಿನ ತುದಿಯಲ್ಲಿಷ್ಟು, ಪೆಟ್ಟಿಗೆಯ ತಳದಲ್ಲಿಷ್ಟು ಇರಿಸುವ ಪದ್ಧತಿ. "ಅಮ್ಮಾ, ಈಗ ಗಂಟೇ ಇಲ್ಲ, ಎಲ್ಲವೂ ಕಾರ್ಡಿನಲ್ಲಿ" ಎಂದು ನಾವು ಡೆಬಿಟ್ ಕಾರ್ಡನ್ನು ತೋರಿಸಿದೆವು. ಆ ಗರ್ವವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಇಲ್ಲಿ ಒಂದು ವಿಷಯವನ್ನು ಹೇಳಬೇಕು. ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಹೊರಡಿಸಿದ ಆಜ್ಞೆಯ ಮೇರೆಗೆ, ಹೊಸದಾಗಿ ಕೊಡುವ ಕಾರ್ಡುಗಳು ಮೊದಲಿಗೆ ನಮ್ಮ ದೇಶದ ಏಟಿಎಮ್ಮುಗಳಲ್ಲಿ ಮತ್ತು ಅಂಗಡಿಯ ಯಂತ್ರಗಳಲ್ಲಿ ಮಾತ್ರ ನಡೆಯತಕ್ಕದ್ದು. ಪರದೇಶದ ಬಳಕೆ, ಇಂಟರ್ನೆಟ್ ಮೂಲಕ ಕೊಳ್ಳುವಿಕೆ, ಯಂತ್ರಕ್ಕೆ ಸೋಕಿಸಿ ಹಣ ಕೊಡುವಿಕೆ ಇವುಗಳನ್ನು ಕಾರ್ಡಿನ ಒಡೆಯನೇ ಬೇಕಾದಾಗ ತೆರೆಯಬೇಕು, ಬೇಡವಾದಾಗ ಮುಚ್ಚಬೇಕು. ಇಷ್ಟೇ ಹಣವೆಂದು ಮಿತಿಯನ್ನೂ ಹಾಕಿಕೊಳ್ಳಬಹುದು. ಬೇರೆಬೇರೆ ಬಾಗಿಲುಗಳಿಗೆ ಬೇರೆಬೇರೆ ಅಗಳಿ ಇಟ್ಟಂತೆ ಇದು ಒಳ್ಳೆಯ ಏರ್ಪಾಡು. ನಾವು ಮಾಡಿದ್ದೇನು? ಹೊರಡುವ ಹಿಂದಿನ ರಾತ್ರಿ ಮೊಬೈಲಿನಲ್ಲಿ ಬ್ಯಾಂಕಿನ ಆಪನ್ನು ತೆಗೆದು, ಯಾವುದು ಬೇಕು ಯಾವುದು ಬೇಡವೆಂದು ಓದುವ ತಾಳ್ಮೆಯಿಲ್ಲದೆ, ಎಲ್ಲ ಅಗಳಿಗಳನ್ನೂ ಒಟ್ಟಿಗೇ ತೆಗೆದೆವು. ಮಿತಿಯನ್ನು ಬ್ಯಾಂಕಿನವರು ಇಟ್ಟಿದ್ದಷ್ಟಕ್ಕೇ ಬಿಟ್ಟೆವು.

ಕೌಲಾಲಂಪುರದಲ್ಲಿ ದಿನಗಳು ಸುಖವಾಗಿಯೇ ಕಳೆದವು. ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ನಾವು ಬಟು ಗುಹೆಯ ಮುರುಗನ ದರ್ಶನ ಮಾಡಿಕೊಂಡು ಬಂದೆವು. ಮಗುವಿಗೆ ಬಟ್ಟೆಬರೆ ಕೊಳ್ಳಲು ಒಂದು ದಿನ ತಾಯಿಯವರೊಡನೆ ಒಂದು ಸಣ್ಣ ಅಂಗಡಿಗೆ ಹೋದೆವು. ಹಣ ಕೊಡುವ ವೇಳೆಗೆ ಅಂಗಡಿಯಾತನು, ಯಂತ್ರ ಒಳಗಿದೆಯೆಂದು ನಗುನಗುತ್ತ ನಮ್ಮ ಕಾರ್ಡನ್ನು ತೆಗೆದುಕೊಂಡು ಪರದೆಯ ಹಿಂದೆ ಹೋದನು. ಐದು ನಿಮಿಷದ ಮೇಲೆ ಕಾರ್ಡು ಸಿಕ್ಕಿಸಿದ ಯಂತ್ರವನ್ನು ಹಿಡಿದು ಬಂದನು. ನಾವು ಗುಪ್ತಸಂಖ್ಯೆಯನ್ನು ಒತ್ತಿದೆವು. ಲೆಕ್ಕ ಸರಿಯಾಗಿಯೇ ಇತ್ತು.

"ಅವನು ಒಳಗೇಕೆ ತೆಗೆದುಕೊಂಡು ಹೋದ?" ಎಂದರು ತಾಯಿ ಕನ್ನಡದಲ್ಲಿ.

"ಸುಮ್ಮನಿರಮ್ಮ, ಇಲ್ಲೆಲ್ಲ ಹಾಗೆಯೇ" ಎಂದೆವು ನಾವು. ಇಲ್ಲೆಲ್ಲ ಹೇಗೆ ಎಂಬುದು ನಮಗೂ ತಿಳಿದಿರಲಿಲ್ಲ. ಪರಸ್ಥಳದಲ್ಲಿ ಸಂಶಯ ತೋರಿದರೆ ಹಳ್ಳಿಯವರೆಂದು ತಿಳಿದಾರೆಂಬ ಸಂಕೋಚ ಮಾತ್ರ ಇತ್ತು.

ಇನ್ನೊಂದು ತಪ್ಪನ್ನೂ ಮಾಡಿದ್ದೆವು. ಖರ್ಚು ಉಳಿಸುವ ನೆಪದಿಂದ ನಮ್ಮ ಊರಿನ ಸಿಮ್ಮನ್ನು ಮೊಬೈಲಿನಿಂದ ತೆಗೆದು, ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಅಲ್ಲಿನ ಸಿಮ್ಮನ್ನು ಹಾಕಿಕೊಂಡಿದ್ದೆವು. ಬ್ಯಾಂಕಿನ ಸಂದೇಶಗಳು ಬರುವುದು ಹಳೆಯ ಸಂಖ್ಯೆಗೆ. ಕಾವಲುಗಾರನನ್ನು ಪೆಟ್ಟಿಗೆಯಲ್ಲಿ ಮಲಗಿಸಿ ನಾವು ಊರು ನೋಡುತ್ತಿದ್ದೆವು.

ಒಂದು ಶುಕ್ರವಾರ ರಾತ್ರಿ ಮದರಾಸಿಗೆ ಬಂದಿಳಿದೆವು. ಶನಿವಾರ ರೈಲು ಜೋಲಾರಪೇಟೆಯನ್ನು ದಾಟಿದ ಮೇಲೆ ಹಳೆಯ ಸಿಮ್ಮಿನ ನೆನಪಾಯಿತು. ಹಾಕಿದೊಡನೆ ಸಂದೇಶಗಳು ಸಾಲಾಗಿ ಬಂದವು. ಅವುಗಳ ನಡುವೆ ಸೋಮವಾರದ ತಾರೀಖಿನದು ಒಂದು: ನಾವು ಹೆಸರನ್ನೇ ಕೇಳಿರದ ಯಾವುದೋ ಪರದೇಶದ ಇಂಟರ್ನೆಟ್ ಅಂಗಡಿಯಲ್ಲಿ ನಮ್ಮ ಕಾರ್ಡಿನಿಂದ ನಲವತ್ತೆರಡು ಸಾವಿರದ ಆರುನೂರು ರೂಪಾಯಿಯ ವ್ಯಾಪಾರ. ಕಾರ್ಡು ನಮ್ಮ ಜೇಬಿನಲ್ಲಿಯೇ ಇತ್ತು. ತಾಯಿಯವರು ಎದುರಿಗೆ ಕಿಟಕಿಗೆ ಒರಗಿ ಕುಳಿತು, ಮೊಮ್ಮಗಳ ಮೂಗು ಯಾರಂತೆ ಎಂದು ಪಕ್ಕದವರಿಗೆ ವಿವರಿಸುತ್ತಿದ್ದರು. ನಾವು ಏನೂ ಹೇಳಲಿಲ್ಲ. ಮೊರಪ್ಪೂರಿನಲ್ಲಿ ಇಳಿದು, ಸಾಮಾನುಗಳನ್ನು ಬೆಂಚಿನ ಬಳಿ ಇರಿಸಿ, ತಾಯಿಗೆ ಕೇಳಿಸದಷ್ಟು ದೂರ ಹೋಗಿ, ಕಾರ್ಡಿನ ಹಿಂಬದಿಯಲ್ಲಿದ್ದ ಸಂಖ್ಯೆಗೆ ದೂರವಾಣಿ ಮಾಡಿ ಕಾರ್ಡನ್ನು ನಿಲ್ಲಿಸಿದೆವು. ಆಮೇಲೆ ಸೈಬರ್ ವಂಚನೆಯ 1930 ಎಂಬ ಸಂಖ್ಯೆಗೂ ದೂರು ಕೊಟ್ಟೆವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತು.

ಇದು ಹೇಗೆ ಸಾಧ್ಯವೆಂದು ವಾಚಕರು ಕೇಳಬಹುದು. ಸೋಮವಾರ ಬ್ಯಾಂಕಿಗೆ ಹೋದಾಗ ನಾವೂ ಅದನ್ನೇ ಕೇಳಿದೆವು. "ವಾದ್ಯಾರ್ ಸಾರ್, ಕಾರ್ಡನ್ನು ಕದಿಯಬೇಕಾಗಿಲ್ಲ, ಓದಿದರೆ ಸಾಕು" ಎಂದರು ಅಲ್ಲಿನ ಗುಮಾಸ್ತರು. ಮುಂಬದಿಯ ಹದಿನಾರು ಅಂಕೆ, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರಂಕೆ: ಇಷ್ಟನ್ನು ಬರೆದುಕೊಳ್ಳಲು ಅಥವಾ ಒಂದು ಚಿತ್ರ ತೆಗೆದುಕೊಳ್ಳಲು ಪರದೆಯ ಹಿಂದಿನ ಐದು ನಿಮಿಷ ಧಾರಾಳವಾಯಿತು. ನಮ್ಮ ದೇಶದ ಇಂಟರ್ನೆಟ್ ಅಂಗಡಿಗಳಲ್ಲಿ ಕೊಳ್ಳುವಾಗ ಮೊಬೈಲಿಗೆ ಓಟಿಪಿ ಬರುವುದನ್ನು ಕಂಡು, ಎಲ್ಲೆಲ್ಲಿಯೂ ಹಾಗೆಯೇ ಎಂದು ನಾವು ನಂಬಿದ್ದೆವು. ಪರದೇಶದ ಅನೇಕ ಅಂಗಡಿಗಳು ಅದನ್ನು ಕೇಳದೆಯೇ ಹಣ ಪಡೆಯುತ್ತ ಬಂದಿವೆ. ನಾವು ಇಂಟರ್ನೆಟ್ಟಿನ ಅಗಳಿಯನ್ನು ತೆಗೆಯದೆ ಅಂಗಡಿಯ ಯಂತ್ರದ ಅಗಳಿಯೊಂದನ್ನೇ ತೆಗೆದಿದ್ದರೆ, ಆತನು ಅಂಕೆಗಳನ್ನು ಬರೆದುಕೊಂಡರೂ ಅವು ಈ ಕೆಲಸಕ್ಕೆ ಬರುತ್ತಿರಲಿಲ್ಲ.

ಇದು ನಮಗೊಬ್ಬರಿಗೇ ಆದ ಗ್ರಹಚಾರವೂ ಅಲ್ಲ. 2016ರಲ್ಲಿ ನಮ್ಮ ದೇಶದ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಗುಟ್ಟು ಬಯಲಾಗಿರಬಹುದೆಂಬ ಸುದ್ದಿ ಅಕ್ಟೋಬರಿನಲ್ಲಿ ಹೊರಬಿತ್ತು. ಎಷ್ಟೋ ಮಂದಿ ಊರಿನಲ್ಲಿಯೇ ಇದ್ದಾಗ ಅವರ ಕಾರ್ಡುಗಳು ಚೀನಾದಲ್ಲಿಯೂ ಅಮೆರಿಕದಲ್ಲಿಯೂ ಬಳಕೆಯಾಗಿದ್ದವು. ಕಾರ್ಡಿನ ಹಿಂದಿನ ಕಪ್ಪು ಕಾಂತಪಟ್ಟಿಯನ್ನು ನಕಲು ಮಾಡುವುದು ಸುಲಭ. ಏಟಿಎಮ್ಮಿನ ಬಾಯಿಗೆ ಕಳ್ಳರು ಒಂದು ಸಣ್ಣ ಸಾಧನವನ್ನು ಅಂಟಿಸಿ ಆ ಪಟ್ಟಿಯನ್ನು ಓದಿಕೊಳ್ಳುತ್ತಾರೆ; ಮೇಲೆ ಅಡಗಿಸಿದ ಕ್ಯಾಮರಾ ಬೆರಳುಗಳ ಚಲನೆಯನ್ನು ನೋಡಿಕೊಳ್ಳುತ್ತದೆ. ಚಿಪ್ಪನ್ನು ನಕಲು ಮಾಡುವುದು ಬಹಳ ಕಷ್ಟ. ಆದುದರಿಂದಲೇ ಬರಿಯ ಪಟ್ಟಿಯ ಕಾರ್ಡುಗಳನ್ನು 2018ರ ಡಿಸೆಂಬರ್ ಕೊನೆಯೊಳಗೆ ಚಿಪ್ಪಿನ ಕಾರ್ಡುಗಳಾಗಿ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತ್ತು. ಆದರೂ ಅಂಕೆಗಳು ಮುಖದ ಮೇಲೆಯೇ ಅಚ್ಚಾಗಿರುವ ಕಾರ್ಡನ್ನು ಪರರ ಕೈಗಿತ್ತರೆ, ಪಾಪ, ಚಿಪ್ಪು ಏನು ಮಾಡೀತು?

ಹಣದ ಗತಿ ಏನಾಯಿತೆಂಬುದನ್ನೂ ಹೇಳಬೇಕು. 2017ರ ಜುಲೈ 6ರ ರಿಸರ್ವ್ ಬ್ಯಾಂಕಿನ ಸುತ್ತೋಲೆಯೊಂದರ ಆಧಾರದ ಮೇಲೆ ನಮ್ಮ ದೂರು ತೀರ್ಮಾನವಾಯಿತು. ಬ್ಯಾಂಕಿನ ತಪ್ಪೂ ಅಲ್ಲದೆ ಗಿರಾಕಿಯ ತಪ್ಪೂ ಅಲ್ಲದೆ ಮೂರನೆಯವರಿಂದ ವಂಚನೆಯಾದಾಗ, ಸಂದೇಶ ಬಂದ ಮೇಲೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗಿರಾಕಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನಗಳೊಳಗಾದರೆ ನಮ್ಮಂಥ ಸಾಧಾರಣ ಉಳಿತಾಯ ಖಾತೆಯವರು ಒಂದು ವ್ಯವಹಾರಕ್ಕೆ ಹೆಚ್ಚೆಂದರೆ ಹತ್ತು ಸಾವಿರದವರೆಗೆ ಹೊರಬೇಕು. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನಿಯಮ. ಗುಪ್ತಸಂಖ್ಯೆಯನ್ನೋ ಓಟಿಪಿಯನ್ನೋ ತಾವೇ ಪರರಿಗೆ ಹೇಳಿದ್ದರೆ, ದೂರು ಕೊಡುವವರೆಗಿನ ನಷ್ಟವೆಲ್ಲ ತಮ್ಮದೇ. ಗುಮಾಸ್ತರು ಬೆರಳೆಣಿಸಿದರು: ಸಂದೇಶ ಬಂದ ಸೋಮವಾರವನ್ನು ಬಿಟ್ಟು, ಮಂಗಳವಾರ ಒಂದು, ಬುಧವಾರ ಎರಡು, ಗುರುವಾರ ಮೂರು, ಶುಕ್ರವಾರ ನಾಲ್ಕು, ಶನಿವಾರ ಐದು. ಒಂದನೆಯ ತರಗತಿಯ ಮಗುವೂ ಮಾಡಬಲ್ಲ ಲೆಕ್ಕ. ಕೆಲವು ವಾರಗಳ ಓಡಾಟದ ಮೇಲೆ ಮೂವತ್ತೆರಡು ಸಾವಿರದ ಆರುನೂರು ನಮ್ಮದಾಗಿ ಉಳಿಯಿತು. ಹತ್ತು ಸಾವಿರ ಹೋಯಿತು. ಸಿಮ್ಮು ಪೆಟ್ಟಿಗೆಯಲ್ಲಿ ಮಲಗಿದ್ದುದರ ಬೆಲೆ ಅದು.

ಈ ಸಂಗತಿಯನ್ನು ನಾವು ತಾಯಿಗೆ ಎರಡು ತಿಂಗಳು ಹೇಳಲಿಲ್ಲ. ಸಂಬಳದಲ್ಲಿ ಉಳಿಸಿ ತುಂಬಿಬಿಡೋಣವೆಂದುಕೊಂಡೆವು. ಉಪಾಧ್ಯಾಯರ ಮನೆಯ ಉಳಿತಾಯದ ವೇಗ ವಾಚಕರಿಗೆ ತಿಳಿದದ್ದೇ. ಆಷಾಢ ಕಳೆದು ಅವರು, "ಮಗಾ, ಅಕ್ಕಸಾಲಿಗರಿಗೆ ಈಗಲೇ ಹೇಳಿಟ್ಟರೆ ಒಳ್ಳೆಯದು" ಎಂದಾಗ ನೆಪಗಳು ತೀರಿಹೋಗಿದ್ದವು. ಎಲ್ಲವನ್ನೂ ಹೇಳಿದೆವು. ಬೈಗುಳಕ್ಕೆ ಸಿದ್ಧರಾಗಿಯೇ ಕುಳಿತಿದ್ದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಣ ಕದ್ದವನು ಯಾರೋ ಪರದೇಶಿ. ಎರಡು ತಿಂಗಳು ಮುಚ್ಚಿಟ್ಟವನು ನೀನು" ಎಂದರು. ಆ ಮಾತು ಹತ್ತು ಸಾವಿರಕ್ಕಿಂತ ಭಾರವಾಗಿತ್ತು. ಮೂರನೆಯ ದಿನ ಸಾಸಿವೆಯ ಡಬ್ಬಿಯಿಂದ ಎರಡು ಸಾವಿರ ತೆಗೆದು ತಂದು, "ಉಡಿದಾರ ಸ್ವಲ್ಪ ತೆಳ್ಳಗಿರಲಿ, ಮಗು ಹೇಗೂ ಬೆಳೆಯುತ್ತದೆ" ಎಂದರು.

ಅನಂತರ ನಾವು ಯೋಚಿಸಿ ನೋಡಿದ್ದುಂಟು. ಕಾರ್ಡಿನ ವಿಷಯದಲ್ಲಿ ಈಗ ತಿಳಿದವರು ಹೇಳುವ ಬುದ್ಧಿಮಾತುಗಳೆಲ್ಲ ತಾತನ ಹಮ್ಮಿಣಿಯಲ್ಲಿಯೂ ತಾಯಿಯ ಡಬ್ಬಿಯಲ್ಲಿಯೂ ಆಗಲೇ ಇದ್ದವು. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು: ಸಂಬಳದ ಖಾತೆಯ ಕಾರ್ಡನ್ನು ಪರದೇಶದಲ್ಲಿ ಬಳಸುವುದಕ್ಕಿಂತ, ಬ್ಯಾಂಕಿನವರು ಪ್ರಯಾಣಿಕರಿಗೆಂದೇ ಕೊಡುವ, ಮೊದಲೇ ಹಣ ತುಂಬಿದ ಫಾರೆಕ್ಸ್ ಕಾರ್ಡಿನಲ್ಲಿ ಬೇಕಾದಷ್ಟನ್ನೇ ಹಾಕಿಕೊಂಡು ಹೋಗುವುದು ಮೇಲು. ಕಳೆದರೂ ಅದರಲ್ಲಿದ್ದಷ್ಟೇ ಕಳೆದೀತು. ಗಂಟನ್ನು ಪರರ ಕೈಗೆ ಕೊಡಬಾರದು: ಯಂತ್ರವೇ ನಮ್ಮ ಬಳಿಗೆ ಬರಲಿ, ಇಲ್ಲವೆ ನಾವೇ ಯಂತ್ರದ ಬಳಿಗೆ ಹೋಗೋಣ, ಕಾರ್ಡು ಕಣ್ಣಿನಿಂದ ಮರೆಯಾಗಬಾರದು. ಜನರೆದುರಿಗೆ ಬಿಚ್ಚಬಾರದು: ಗುಪ್ತಸಂಖ್ಯೆ ಒತ್ತುವಾಗ ಇನ್ನೊಂದು ಕೈಯಿಂದ ಮರೆಮಾಡಬೇಕು; ಬೀದಿಯ ಮೂಲೆಯ ಏಟಿಎಮ್ಮಿಗಿಂತ ಬ್ಯಾಂಕಿನ ಒಳಗಿನದು ಲೇಸು. ಆಗಾಗ್ಗೆ ಸೊಂಟ ಮುಟ್ಟಿ ನೋಡಿಕೊಳ್ಳಬೇಕು: ಊರಿನ ಸಿಮ್ಮನ್ನು ಜೀವಂತವಾಗಿಟ್ಟು, ಇಲ್ಲವೆ ದಿನಕ್ಕೊಮ್ಮೆ ಆಪನ್ನು ತೆರೆದು, ಲೆಕ್ಕ ನೋಡುತ್ತಿರಬೇಕು. ಕಾರ್ಡಿನೊಡನೆ ಅದರ ಹಿಂದಿನ ದೂರವಾಣಿ ಸಂಖ್ಯೆಯೂ ಕಳೆದುಹೋದೀತಾದ್ದರಿಂದ, ಪರದೇಶದಿಂದ ಕರೆಯಬಹುದಾದ ಬ್ಯಾಂಕಿನ ಸಂಖ್ಯೆಯನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಊರಿಗೆ ಬಂದ ದಿನವೇ ಪರದೇಶದ ಅಗಳಿಯನ್ನು ಹಾಕಿಬಿಡಬೇಕು.

ಕಳ್ಳತನವಲ್ಲದ ಒಂದು ಸಣ್ಣ ಸೋರಿಕೆಯೂ ಉಂಟು. ಅಲ್ಲಿನ ಯಂತ್ರವು, ರೂಪಾಯಿಯಲ್ಲಿ ಕೊಡುವಿರೋ ಈ ದೇಶದ ನಾಣ್ಯದಲ್ಲಿ ಕೊಡುವಿರೋ ಎಂದು ಕೇಳುತ್ತದೆ. ತವರಿನ ನಾಣ್ಯವನ್ನು ಕಂಡ ಸಂತೋಷದಿಂದ ರೂಪಾಯಿಯೆಂದು ಒತ್ತಬಾರದು. ಅಲ್ಲಿ ಅವರು ಕಟ್ಟುವ ವಿನಿಮಯದ ದರ ಸಾಮಾನ್ಯವಾಗಿ ನಮಗೆ ನಷ್ಟದ್ದು. ಆ ದೇಶದ ನಾಣ್ಯವನ್ನೇ ಆರಿಸಬೇಕು.

ಇವೆಲ್ಲಕ್ಕೂ ಮಿಗಿಲಾದದ್ದು ಇನ್ನೊಂದು. ಸಂಶಯ ಬಂದಾಗ ಕೇಳಲು ನಾಚಬಾರದು. ನಷ್ಟವಾದಾಗ ಹೇಳಲು ನಾಚಬಾರದು. ತರಗತಿಯಲ್ಲಿ, ತಿಳಿಯದಿದ್ದರೆ ಕೈಯೆತ್ತಿ ಕೇಳಿ ಎಂದು ಮಕ್ಕಳಿಗೆ ದಿನವೂ ಹೇಳತಕ್ಕ ನಾವೇ ಆ ಅಂಗಡಿಯಲ್ಲಿ ಕೈಯೆತ್ತಲಿಲ್ಲ. ಅಕ್ಷರ ಬಾರದ ತಾಯಿಯವರು ಎತ್ತಿದರು. ನಾವು ಅದನ್ನು ಇಳಿಸಿದೆವು.

ಮಗುವಿಗೆ ಈಚೆಗೆ ವರ್ಷ ತುಂಬಿತು. ಊರಿನಿಂದ ಹೊರಟವರೊಬ್ಬರ ಕೈಯಲ್ಲಿ ಉಡಿದಾರವನ್ನು ಕಳುಹಿಸಿಕೊಟ್ಟೆವು. ತೆಳ್ಳಗಿದ್ದರೂ ಚೆನ್ನಾಗಿ ಒಪ್ಪುತ್ತದೆಂದು ತಂಗಿ ಚಿತ್ರ ಕಳುಹಿಸಿದ್ದಾಳೆ. ಅದನ್ನು ನೋಡಿ ತಾಯಿಯವರು, "ಕೊಂಡಿಯನ್ನು ಭದ್ರವಾಗಿ ಹಾಕಿದ್ದಾಳೆಯೇ, ಕೇಳು" ಎಂದರು. ಈ ಸಲ ನಾವು ಕೂಡಲೇ ಕೇಳಿದೆವು.