ಗಾಳಿ ಎಲ್ಲಿಂದ ಬರಬೇಕು: ಉರಿಗಾಮಿನ ಟಿಪ್ಪಣಿಗಳು

ಮೊದಲ ಪ್ರಶ್ನೆ

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಕಂಪ್ಯೂಟರ್ ಕ್ಯಾಬಿನೆಟ್‌ಗಳು ಸಾಲುಸಾಲಾಗಿ ಸಿಗುತ್ತವೆ. ಗಾಜಿನ ಬಾಗಿಲಿನವು, ಬಣ್ಣದ ದೀಪದವು, ಎರಡು ಕೈ ಹಾಕಿ ಎತ್ತಬೇಕಾದ ದೊಡ್ಡವು, ಪುಸ್ತಕದ ಸಾಲಿನಲ್ಲಿ ಕೂರುವ ಚಿಕ್ಕವು. ನಮ್ಮದು ಕೋಲಾರ ಚಿನ್ನದ ಗಣಿಯ ಊರಾದ ಉರಿಗಾಂ; ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹಿಡಿದರೆ ರಾತ್ರಿಯೊಳಗೆ ಒಂದನ್ನು ಮನೆಗೆ ತರಬಹುದು. ಹೀಗಿದ್ದೂ ನಮ್ಮ ಬೀದಿಯ ಹುಡುಗನೊಬ್ಬ ಗುಜರಿಯಲ್ಲಿ ಕೊಂಡ ಹಳೆ ಕ್ಯಾಬಿನೆಟ್ಟನ್ನು ಬಿಚ್ಚಿ, ಕೊಯ್ದು, ತಗಡು ಬಗ್ಗಿಸಿ, ತೂತು ಕೊರೆದು ಹೊಸದಾಗಿ ಕಟ್ಟುತ್ತಿದ್ದಾನೆ. ಕಾಲೇಜು ಬಿಟ್ಟ ಮೇಲಿನ ಸಮಯವೆಲ್ಲ ಇದಕ್ಕೇ ಹೋಗುತ್ತಿದೆ. ಯಾಕೆ?

ಕೇಳಿದೆ. "ಸಾರ್, ಒಳಗಿರೋದು ಯಾವುದನ್ನೂ ನಾನು ಮಾಡೋಕಾಗಲ್ಲ. ಇದೊಂದನ್ನ ಮಾಡಬಹುದು" ಅಂದ.

ಮಾತು ಸರಳವಾಗಿದೆ, ಆದರೆ ಅಷ್ಟು ಬೇಗ ಬಿಡುವಂಥದ್ದಲ್ಲ. ಬರೆದಿಟ್ಟುಕೊಂಡಿದ್ದೇನೆ.

ಅಳತೆ

ನನಗೆ ಮೊದಲು ಅಚ್ಚರಿ ಹುಟ್ಟಿಸಿದ್ದು ಅಳತೆಗಳು. ಯಾರೋ ಎಲ್ಲೋ ಮಾಡಿದ ಮದರ್‌ಬೋರ್ಡು ಉರಿಗಾಮಿನಲ್ಲಿ ಕೊಯ್ದ ತಗಡಿಗೆ ಹೇಗೆ ಕೂರುತ್ತದೆ? ಇಂಟೆಲ್ ಕಂಪನಿ 1995ರಲ್ಲಿ ಎ.ಟಿ.ಎಕ್ಸ್. ಎಂಬ ನಿಯಮ ಹೊರತಂದಿತು. ಬೋರ್ಡಿನ ಅಳತೆ 305 ಮಿ.ಮೀ.ಗೆ 244 ಮಿ.ಮೀ.; ತಿರುಪಿನ ತೂತುಗಳ ಜಾಗ, ಹಿಂಬದಿಯ ಸಾಕೆಟ್ಟುಗಳ ಕಿಂಡಿ, ಪವರ್ ಸಪ್ಲೈಯ ಜಾಗ ಎಲ್ಲವೂ ಗೊತ್ತುಪಡಿಸಿದವು. 2001ರಲ್ಲಿ ವಿಯಾ ಕಂಪನಿ ತಂದ ಮಿನಿ ಐ.ಟಿ.ಎಕ್ಸ್. ಬೋರ್ಡು 170 ಮಿ.ಮೀ. ಚೌಕ. ಅದರ ನಾಲ್ಕು ತೂತುಗಳೂ ದೊಡ್ಡ ಬೋರ್ಡಿನ ತೂತುಗಳ ಜಾಗದಲ್ಲೇ ಇವೆ. ಅಂದರೆ ಇಪ್ಪತ್ತು ವರ್ಷ ಹಳೆಯ ಕ್ಯಾಬಿನೆಟ್ಟಿನಲ್ಲಿ ಇವತ್ತಿನ ಬೋರ್ಡನ್ನು ಕೂರಿಸಬಹುದು.

ಎಲ್ಲ ಪೆಟ್ಟಿಗೆಗೂ ಇದು ಅನ್ವಯಿಸುವುದಿಲ್ಲ. ಬೆಂಗಳೂರಿನ ಆಫೀಸುಗಳಿಂದ ಗುಜರಿಗೆ ಬರುವ ಕೆಲವು ಬ್ರಾಂಡೆಡ್ ಯಂತ್ರಗಳಲ್ಲಿ ಬೋರ್ಡೂ ಬೇರೆ, ಪವರ್ ಸಪ್ಲೈಯ ಆಕಾರವೂ ಬೇರೆ, ಮುಂಬದಿಯ ಬಟನ್ನಿನ ವೈರೂ ಬೇರೆ. ಹುಡುಗ ಕೊಂಡದ್ದು ಅಂಥದ್ದೇ. ಹೊರಗಿನ ಉಕ್ಕಿನ ಚಿಪ್ಪನ್ನು ಮಾತ್ರ ಉಳಿಸಿಕೊಂಡು, ಬೋರ್ಡು ಕೂರುವ ತಟ್ಟೆಯನ್ನು ಇನ್ನೊಂದು ಹಳೆ ಪೆಟ್ಟಿಗೆಯಿಂದ ತೆಗೆದು ಸೇರಿಸುತ್ತಿದ್ದಾನೆ. ರಿವೆಟ್ಟಿನ ತಲೆಯ ಮೇಲೆ ಡ್ರಿಲ್ ಇಟ್ಟು ಕೊರೆದರೆ ತಲೆ ಕಳಚಿ ಬೀಳುತ್ತದೆ, ಎರಡು ತಗಡು ಬೇರೆಯಾಗುತ್ತವೆ. ಮತ್ತೆ ಜೋಡಿಸಲು ಕೈಯಿಂದ ಒತ್ತುವ ಪಾಪ್ ರಿವೆಟ್ ಗನ್ ಸಾಕು.

ತೂತು ಕೊರೆಯುವುದನ್ನು ನೋಡಿದೆ

ಫ್ಯಾನಿನ ಅಳತೆ 120 ಮಿ.ಮೀ. ಅದರ ನಾಲ್ಕು ಮೂಲೆಯ ತಿರುಪುಗಳ ನಡುವಿನ ದೂರ 105 ಮಿ.ಮೀ. ಹುಡುಗ ತಗಡಿನ ಮೇಲೆ ಪೇಂಟರ್‌ಗಳು ಬಳಸುವ ಕಾಗದದ ಟೇಪು ಅಂಟಿಸಿದ. ಗೆರೆ ಎದ್ದು ಕಾಣಲಿ, ಬ್ಲೇಡು ಜಾರಿ ಬಣ್ಣ ಕೀಳದಿರಲಿ ಅಂತ. ನಾಲ್ಕು ಬಿಂದುಗಳಿಗೆ ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೊಂದು ಏಟು ಕೊಟ್ಟ. ಆ ಗುಳಿ ಇಲ್ಲದಿದ್ದರೆ ಡ್ರಿಲ್ಲಿನ ತುದಿ ಓಡಾಡುತ್ತದಂತೆ. ತಗಡಿನ ಅಡಿಗೆ ಮರದ ಹಲಗೆ ಕೊಟ್ಟು, ನಡುವಿನ ದೊಡ್ಡ ವೃತ್ತವನ್ನು ಜಿಗ್‌ಸಾದಿಂದ ನಿಧಾನವಾಗಿ ಕೊಯ್ದ. ಅರ್ಧ ಮಿಲಿಮೀಟರಿನಷ್ಟು ತೆಳು ತಗಡು. ಹಲಗೆ ಇರದಿದ್ದರೆ ನಡುಗಿ ಸೊಟ್ಟಗಾಗುತ್ತಿತ್ತು. ಆಮೇಲೆ ಅರೆಗುಂಡಗಿನ ಅರ ಹಿಡಿದು ಅಂಚು ಉಜ್ಜಿದ್ದೇ ಉಜ್ಜಿದ್ದು. ಬೆರಳು ಸವರಿ ನೋಡುವುದು, ಮತ್ತೆ ಉಜ್ಜುವುದು. ಕೊನೆಗೆ ಅಂಚಿಗೆ ರಬ್ಬರ್ ಬೀಡಿಂಗ್ ಒತ್ತಿದ.

ಕೊಯ್ಯುವ ಮೊದಲು ಒಳಗಿನದೆಲ್ಲವನ್ನೂ ಬೇರೆ ಕೋಣೆಗೆ ಸಾಗಿಸಿದ್ದ. ಕಬ್ಬಿಣದ ಒಂದು ಚೂರು ಬೋರ್ಡಿನ ಮೇಲೆ ಎರಡು ಕಾಲುಗಳ ನಡುವೆ ಬಿದ್ದರೆ ಶಾರ್ಟ್ ಆಗಿ ಇಡೀ ಬೋರ್ಡು ಹೋಗುತ್ತದೆ. ಬೋರ್ಡಿನ ಅಡಿಯಲ್ಲಿ ನಿಲ್ಲುವ ಹಿತ್ತಾಳೆಯ ಗುಬುಟುಗಳನ್ನೂ ಎಣಿಸಿ ಹಾಕಬೇಕು. ತೂತಿಲ್ಲದ ಜಾಗದಲ್ಲಿ ಒಂದು ಹೆಚ್ಚಿಗೆ ನಿಂತರೆ ಅದೂ ಶಾರ್ಟೇ.

ದೂಳು

ಇಲ್ಲಿಯ ದೂಳು ಬೇರೆ ಊರಿನದರಂತಲ್ಲ. ನೂರಿಪ್ಪತ್ತು ವರ್ಷ ಬಂಡೆಯನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸೈನೈಡ್ ದಿಬ್ಬಗಳಾಗಿ ಊರ ನಡುವೆಯೇ ನಿಂತಿದೆ; ಮೂರು ಕೋಟಿ ಟನ್ನಿಗೂ ಹೆಚ್ಚು. ಆಷಾಢದ ಗಾಳಿ ಬೀಸತೊಡಗಿದರೆ ಅದು ಕಿಟಕಿ ಮುಚ್ಚಿದ ಮನೆಯೊಳಗೂ ಬರುತ್ತದೆ. ಹುಡುಗ ತನ್ನ ಹಳೆ ಯಂತ್ರದ ಪ್ರೊಸೆಸರಿನ ಮೇಲಿನ ಅಲ್ಯುಮಿನಿಯಂ ರೆಕ್ಕೆಗಳನ್ನು ತೋರಿಸಿದ. ಸಂದುಗಳಲ್ಲೆಲ್ಲ ರಾಗಿ ಹಿಟ್ಟಿನಷ್ಟು ನುಣ್ಣನೆಯ ಬೂದು ಪುಡಿ ಗಟ್ಟಿಯಾಗಿ ಕೂತಿತ್ತು. ಗಾಳಿ ಹಾಯದ ಮೇಲೆ ಶಾಖ ಎಲ್ಲಿಗೆ ಹೋಗಬೇಕು? ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ, ಇನ್ನೂ ಕಾದರೆ ಆರಿಹೋಗುತ್ತದೆ.

ಎಸ್.ಪಿ. ರಸ್ತೆಯ ಕ್ಯಾಬಿನೆಟ್ಟನ್ನು ವಿನ್ಯಾಸ ಮಾಡಿದವರಿಗೆ ಉರಿಗಾಮಿನ ಆಷಾಢ ಗೊತ್ತಿರಲು ಸಾಧ್ಯವಿಲ್ಲ. ನನ್ನ ಮೊದಲ ಪ್ರಶ್ನೆಗೆ ಸಿಕ್ಕ ಮೊದಲ ಗಟ್ಟಿ ಉತ್ತರ ಇದು.

ಹಿರಿಯರು ಊದುಬತ್ತಿ ತಂದರು

ಪಕ್ಕದ ಮನೆಯ ಹಿರಿಯರು ಗಣಿಯ ವೆಂಟಿಲೇಷನ್ ವಿಭಾಗದಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಅಲ್ಲಿದ್ದವರು. ಹುಡುಗ ಮೂರು ಫ್ಯಾನುಗಳಲ್ಲಿ ಎರಡನ್ನು ಗಾಳಿ ಹೊರಹಾಕಲು, ಒಂದನ್ನು ಒಳಗೆ ತರಲು ಇಟ್ಟಿದ್ದ. ಬಿಸಿ ಗಾಳಿ ಬೇಗ ಹೊರಗೆ ಹೋಗಲಿ ಎಂಬ ಲೆಕ್ಕ. ಹಿರಿಯರು ಊದುಬತ್ತಿ ಹಚ್ಚಿ ಪೆಟ್ಟಿಗೆಯ ಸುತ್ತ ಹಿಡಿಯುತ್ತ ಬಂದರು. ಮುಂದಿನ ಫಿಲ್ಟರಿನ ಹತ್ತಿರ ಹೊಗೆ ಒಳಗೆ ಹೋಯಿತು, ಸರಿ. ಬಾಗಿಲಿನ ಸಂದಿನಲ್ಲೂ ಒಳಗೆ ಹೋಯಿತು. ಹಿಂದಿನ ಸ್ಲಾಟಿನ ಕಿಂಡಿಯಲ್ಲೂ, ತಳದ ಒಂದು ತಿರುಪಿನ ತೂತಿನಲ್ಲೂ ಒಳಗೆ ಹೋಯಿತು.

"ನೋಡಪ್ಪಾ, ಗಾಳಿ ನೀನು ಹೇಳಿದ ದಾರೀಲಿ ಬರಲ್ಲ. ಎಲ್ಲಿ ಸಂದು ಇದೆಯೋ ಅಲ್ಲೆಲ್ಲಾ ಬರುತ್ತೆ. ಫಿಲ್ಟರ್ ಇರೋ ಕಡೆಯಿಂದ ಜಾಸ್ತಿ ತಳ್ಳು, ಆಗ ಸಂದಿನಿಂದ ಹೊರಗೆ ಹೋಗುತ್ತೆ" ಅಂದರು.

"ಹಂಗಾದ್ರೆ ಎರಡು ಒಳಕ್ಕೆ, ಒಂದು ಹೊರಕ್ಕೆ ಇಡ್ತೀನಿ ತಾತಾ."

ಫ್ಯಾನು ತಿರುಗಿಸಿ ಹಾಕಿ, ಮತ್ತೆ ಊದುಬತ್ತಿ ಹಿಡಿದರು. ಈ ಸಲ ಸಂದುಗಳಲ್ಲಿ ಹೊಗೆ ಹೊರಕ್ಕೆ ಸರಿಯಿತು. ದೂಳಿನ ಸಮಸ್ಯೆ ಅರ್ಧಕ್ಕರ್ಧ ಬಗೆಹರಿದದ್ದು ಅಲ್ಲೇ.

ಆಮೇಲೆ ಅವರು ಗಣಿಯ ಮಾತು ತೆಗೆದರು. ಇಲ್ಲಿಯ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತದೆ. ಒಂದು ಶಾಫ್ಟಿನಲ್ಲಿ ಗಾಳಿ ಇಳಿಯಬೇಕು, ಇನ್ನೊಂದರಲ್ಲಿ ಏರಬೇಕು. ನಡುವೆ ಅಲ್ಲಲ್ಲಿ ಬಾಗಿಲುಗಳು. ಒಂದು ಬಾಗಿಲು ತೆರೆದಿಟ್ಟರೆ ಗಾಳಿ ಅಡ್ಡದಾರಿ ಹಿಡಿದು, ಆಳದಲ್ಲಿ ಕೆಲಸ ಮಾಡುವವರನ್ನು ಮುಟ್ಟದೆ ವಾಪಸು ಹೋಗುತ್ತದೆ. 1930ರ ದಶಕದಲ್ಲೇ ಇಲ್ಲಿ ಗಾಳಿಯನ್ನು ತಂಪು ಮಾಡಿ ಕೆಳಗೆ ಕಳಿಸುವ ಯಂತ್ರ ಕೂರಿಸಿದ್ದರು.

ಕ್ಯಾಬಿನೆಟ್ಟಿನ ಬಾಗಿಲು ತೆರೆದಿಟ್ಟರೆ ತಂಪಲ್ಲವೇ ಎಂಬ ಸಂದೇಹ ನನಗೆ ಮೊದಲಿನಿಂದ ಇತ್ತು. ಗಾಳಿದಾರಿ ಕೆಟ್ಟಿರುವ ಪೆಟ್ಟಿಗೆಯಲ್ಲಿ ಹೌದು. ದಾರಿ ಸರಿ ಇರುವ ಪೆಟ್ಟಿಗೆಯಲ್ಲಿ ಬಾಗಿಲು ತೆರೆದರೆ ಮುಂದಿನ ಫ್ಯಾನಿನ ಗಾಳಿ ಪಕ್ಕಕ್ಕೆ ಸೋರಿ, ಹಾರ್ಡ್ ಡಿಸ್ಕಿನಂಥ ಮೂಲೆಯ ವಸ್ತುಗಳು ಮೊದಲಿಗಿಂತ ಹೆಚ್ಚು ಕಾಯಬಹುದು.

ಲೆಕ್ಕ

ಹಿರಿಯರು ಪೆನ್ಸಿಲ್ ಹಿಡಿದು ಮಾಡಿಸಿದ ಲೆಕ್ಕ ಇದು. ಕಂಪ್ಯೂಟರ್ ಎಳೆದುಕೊಳ್ಳುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. 300 ವಾಟ್ ಎಳೆದರೆ 300 ವಾಟ್ ಶಾಖ. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.2 ಕಿಲೋಜೂಲ್ ಬೇಕು. ಪೆಟ್ಟಿಗೆಯಿಂದ ಹೊರಬರುವ ಗಾಳಿ ಕೋಣೆಯ ಗಾಳಿಗಿಂತ 10 ಡಿಗ್ರಿಯಷ್ಟೇ ಬಿಸಿಯಾಗಿರಬೇಕಾದರೆ ಸೆಕೆಂಡಿಗೆ 25 ಲೀಟರ್ ಗಾಳಿ ಹಾಯಬೇಕು. ಉರಿಗಾಂ ಇರುವುದು ಸಮುದ್ರಮಟ್ಟಕ್ಕಿಂತ 850 ಮೀಟರಿನ ಆಸುಪಾಸಿನಲ್ಲಿ. ಇಲ್ಲಿಯ ಗಾಳಿ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಹಾಗಾಗಿ 27, 28 ಲೀಟರ್ ಅಂತ ಇಟ್ಟುಕೊಳ್ಳಬೇಕು. ಒಳ್ಳೆಯ 120 ಮಿ.ಮೀ. ಫ್ಯಾನು ಅಡ್ಡಿಯಿಲ್ಲದೆ ತಿರುಗಿದರೆ ಇಷ್ಟನ್ನು ತಳ್ಳುತ್ತದೆ. ಮುಂದೆ ಫಿಲ್ಟರ್ ಇಟ್ಟ ಕೂಡಲೇ ತಗ್ಗುತ್ತದೆ. ಆದ್ದರಿಂದ ಎರಡು.

ಕಾಲೇಜಿನಲ್ಲಿ ಥರ್ಮೋಡೈನಮಿಕ್ಸ್ ಪಾಸು ಮಾಡಿದ ಹುಡುಗ ಈ ಲೆಕ್ಕವನ್ನು ಕಣ್ಣರಳಿಸಿ ನೋಡಿದ. ಪುಸ್ತಕದಲ್ಲಿ ಓದಿದ್ದು ತಾನು ಕೊಯ್ದ ತೂತಿನ ಅಳತೆಯನ್ನು ಹೇಳುತ್ತದೆ ಅಂತ ಅವನಿಗೆ ಆವತ್ತು ಗೊತ್ತಾಯಿತು.

ಜುಮ್ಮೆನ್ನುವ ಪೆಟ್ಟಿಗೆ

ಕ್ಯಾಬಿನೆಟ್ಟಿನ ಲೋಹ ಮುಟ್ಟಿದರೆ ಬೆರಳು ಜುಮ್ಮೆನ್ನುವುದು ಹಲವು ಮನೆಗಳ ಅನುಭವ. ಕಾರಣ ತಿಳಿದುಕೊಂಡೆ. ಪವರ್ ಸಪ್ಲೈಯೊಳಗೆ ವಿದ್ಯುತ್ತಿನ ಗದ್ದಲ ಸೋಸಲು ಇಟ್ಟ ಎರಡು ಕೆಪಾಸಿಟರುಗಳ ಒಂದೊಂದು ತುದಿ ಲೋಹದ ಮೈಗೆ ಸೇರಿರುತ್ತದೆ. ಅರ್ತ್ ಸರಿ ಇದ್ದರೆ ಆ ಸೋರಿಕೆ ನೆಲಕ್ಕೆ ಇಳಿಯುತ್ತದೆ. ಅರ್ತ್ ಇಲ್ಲದ ಮನೆಯಲ್ಲಿ ಪೆಟ್ಟಿಗೆಯ ಮೈ ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಹರಿಯುವ ಕರೆಂಟು ತೀರ ಸಣ್ಣದು, ಹಾಗಾಗಿ ಜುಮ್ಮೆನ್ನುವುದರಲ್ಲೇ ಮುಗಿಯುತ್ತದೆ. ಆದರೆ ಒಳಗೆ ಬೇರೇನಾದರೂ ಕೆಟ್ಟರೆ ಕಾಯಲು ಯಾರೂ ಇಲ್ಲ. ಮರದಲ್ಲೋ ಅಕ್ರಿಲಿಕ್ಕಿನಲ್ಲೋ ಪೆಟ್ಟಿಗೆ ಕಟ್ಟುವವರು ಪವರ್ ಸಪ್ಲೈಯ ಮೈಗೆ ಅರ್ತ್ ಇದೆಯೇ ಅಂತ ಮೊದಲು ನೋಡಬೇಕು. ಬಣ್ಣ ಹೊಡೆಯುವವರು ಪವರ್ ಸಪ್ಲೈಯ ತಿರುಪು ಕೂರುವ ಜಾಗದಲ್ಲಿ ಬಣ್ಣ ಕೆರೆದು ಲೋಹ ಲೋಹಕ್ಕೆ ತಾಗುವಂತೆ ಬಿಡಬೇಕು.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ವಿದ್ಯುತ್ತು ತಂದ ಊರು ಇದು. ಇಲ್ಲಿಯ ಹಳೆ ಮನೆಗಳಲ್ಲಿ ಅರ್ತ್ ಇಲ್ಲದ ಪ್ಲಗ್ ಪಾಯಿಂಟ್ ಇನ್ನೂ ಕಾಣುವುದು ನನಗೆ ನೋವಿನ ಸಂಗತಿ.

ಮಾಡಿಕೊಂಡವರು

ಬೇಕಾದದ್ದನ್ನು ಸ್ವಂತವಾಗಿ ಕಟ್ಟಿಕೊಳ್ಳುವ ಪದ್ಧತಿ ಇಲ್ಲಿಗೆ ಹೊಸದೇನಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದು, ಕಾಸ್ಮಿಕ್ ಕಿರಣ ಅಳೆಯಲು ಈ ಗಣಿಗೆ ಇಳಿದಿದ್ದರು. 1965ರಲ್ಲಿ ಆ ಸಂಸ್ಥೆಯವರು ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳವರ ಜೊತೆ ಚಾಂಪಿಯನ್ ರೀಫ್‌ನ 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ಜಗತ್ತಿನಲ್ಲಿ ಆ ಗುರುತನ್ನು ಮೊದಮೊದಲು ಕಂಡವರಲ್ಲಿ ಅವರೂ ಸೇರಿದ್ದಾರೆ. ಅಂಥ ಪ್ರಯೋಗದ ಉಪಕರಣ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಗಣಿಯ ಶಾಖ, ತೇವ, ದೂಳಿನ ನಡುವೆ ತಿಂಗಳುಗಟ್ಟಲೆ ನಡೆಯುವ ಹಾಗೆ ಕಟ್ಟಿ ನಿಲ್ಲಿಸಬೇಕು.

ಹೊರಗಿನ ಉದಾಹರಣೆ ಬೇಕಿದ್ದರೆ 1976ರ ಆಪಲ್ 1. ಅದು ಬರಿಯ ಬೋರ್ಡಾಗಿ ಮಾರಾಟವಾಯಿತು. ಪೆಟ್ಟಿಗೆಯೂ ಇಲ್ಲ, ಕೀಬೋರ್ಡೂ ಇಲ್ಲ. ಕೊಂಡವರಲ್ಲಿ ಹಲವರು ಮರದ ಪೆಟ್ಟಿಗೆ ಮಾಡಿಸಿಕೊಂಡರು. ಸಿದ್ಧ ಪೆಟ್ಟಿಗೆ ಬಂದದ್ದು ಮರುವರ್ಷ, ಆಪಲ್ 2ರ ಜೊತೆಗೆ. ಆಪಲ್ ಮಟ್ಟಿಗೆ ಮನೆಯಲ್ಲಿ ಕಟ್ಟಿದ ಪೆಟ್ಟಿಗೆಯೇ ಹಿರಿಯದು.

ಯಾರೂ ನೋಡದ ಬದಿ

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಹಿಂಬದಿಯ ವೈರುಗಳು. ಬೋರ್ಡಿನ ತಟ್ಟೆಯ ಹಿಂದೆ, ಬಾಗಿಲು ಮುಚ್ಚಿದರೆ ಯಾರಿಗೂ ಕಾಣದ ಎರಡು ಬೆರಳಗಲದ ಜಾಗದಲ್ಲಿ, ಹುಡುಗ ಒಂದೊಂದು ವೈರನ್ನೂ ಸಾಲಾಗಿ ಮಲಗಿಸಿ, ಟ್ಯಾಗ್ ಬಿಗಿದು, ಮೂಲೆಯಲ್ಲಿ ಒಂದೇ ಅಳತೆಗೆ ತಿರುಗಿಸುತ್ತಿದ್ದ. ಗಾಳಿಗೆ ಅಡ್ಡಿಯಾಗದಿರಲು ಅಂದುಕೊಂಡರೆ, ಅಲ್ಲಿ ಗಾಳಿ ಹಾಯುವುದೇ ಕಡಿಮೆ. ಚೆಂದಕ್ಕೆ ಅಂದುಕೊಂಡರೆ ನೋಡುವವರಿಲ್ಲ. ಯಾರಿಗೋಸ್ಕರ ಅಂತ ಕೇಳಿದೆ. ಅವನಿಗೆ ಹೇಳಲು ತಿಳಿಯಲಿಲ್ಲ. ಹಿರಿಯರೇ ಹೇಳಿದರು: "ಮುಂದಿನ ಶಿಫ್ಟಿನವನು ನೋಡ್ತಾನಲ್ಲ."

ಗಣಿಯಲ್ಲಿ ಒಬ್ಬ ಬಿಟ್ಟುಹೋದ ಕೆಲಸವನ್ನು ಇನ್ನೊಬ್ಬ ಕತ್ತಲಲ್ಲಿ ಮುಂದುವರಿಸಬೇಕಿತ್ತು. ಹಿಂದಿನವನು ಸರಿಯಾಗಿ ಬಿಟ್ಟಿದ್ದರೆ ಮುಂದಿನವನ ಜೀವ ಉಳಿಯುತ್ತಿತ್ತು. ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಜೀವದ ಪ್ರಶ್ನೆ ಇಲ್ಲದಿರಬಹುದು, ಆದರೆ ಅದನ್ನು ಮುಂದೆ ಬಿಚ್ಚುವವರು ಇದ್ದೇ ಇರುತ್ತಾರೆ. ಈ ಹುಡುಗನ ಪೆಟ್ಟಿಗೆಯಲ್ಲಿ ಬೋರ್ಡು, ಡಿಸ್ಕು, ಫ್ಯಾನು ಎಲ್ಲ ಬದಲಾಗುತ್ತ ಹೋಗುತ್ತವೆ. ಉಳಿಯುವುದು ಅವನು ಕಟ್ಟಿದ ಭಾಗ ಮಾತ್ರ.

ಈಗ ಅನಿಸುವುದು

ಮೊದಲ ದಿನದ ಮಾತು ಈಗ ಅರ್ಥವಾಗುತ್ತಿದೆ. ಪ್ರೊಸೆಸರ್, ಬೋರ್ಡು, ಮೆಮೊರಿ ಯಾವುದನ್ನೂ ಈ ಊರು ಮಾಡಲಾರದು. ಪೆಟ್ಟಿಗೆಯನ್ನು ಮಾಡಬಹುದು. ಇಲ್ಲಿಯ ದೂಳು, ಇಲ್ಲಿಯ ಎತ್ತರ, ಇಲ್ಲಿಯ ಪ್ಲಗ್ ಪಾಯಿಂಟು, ಇಲ್ಲಿಯ ಹಿರಿಯರ ಗಾಳಿಯ ತಿಳಿವಳಿಕೆ, ಇವೆಲ್ಲ ಕಂಪ್ಯೂಟರಿನೊಳಗೆ ಹೋಗಲು ಇರುವ ಬಾಗಿಲು ಅದೊಂದೇ. ಡ್ರಿಲ್, ಜಿಗ್‌ಸಾ, ಅರ, ರಿವೆಟ್ ಗನ್ ಇದ್ದರೆ ಶುರುಮಾಡಬಹುದು. ನಮ್ಮ ಐಟಿಐಗಳಲ್ಲಿ, ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಪೆಟ್ಟಿಗೆಯನ್ನಾದರೂ ಕಟ್ಟಬೇಕು, ಗಾಳಿಯ ಲೆಕ್ಕ ಹಾಕಿ ಊದುಬತ್ತಿ ಹಿಡಿದು ಪರೀಕ್ಷಿಸಬೇಕು ಅಂತ ನನಗೆ ಬಲವಾಗಿ ಅನಿಸುತ್ತಿದೆ. ಗಣಿಯ ವೆಂಟಿಲೇಷನ್ ಬಲ್ಲವರು ನಮ್ಮ ನಡುವೆ ಇರುವಾಗಲೇ ಇದಾಗಬೇಕು.

ಉಳಿದಿರುವ ಪ್ರಶ್ನೆ ಇದು: ಇಷ್ಟು ಬಲ್ಲ ಹುಡುಗ ನಾಳೆ ದುಡಿಮೆಗಾಗಿ ಬೆಳಗಿನ ರೈಲು ಹತ್ತಲೇಬೇಕೇ? ದೂಳು ತಡೆಯುವ ಪೆಟ್ಟಿಗೆ ಬಂಗಾರಪೇಟೆಯ ಅಕ್ಕಿ ಗಿರಣಿಯ ಲೆಕ್ಕದ ಕೋಣೆಗೂ ಬೇಕು, ಕೋಲಾರದ ಕಲ್ಲು ಕ್ವಾರಿಯ ಆಫೀಸಿಗೂ ಬೇಕು. ಅವರನ್ನು ಹೋಗಿ ಕೇಳಬೇಕು ಅಂತ ಮೂವರೂ ಮಾತಾಡಿಕೊಂಡಿದ್ದೇವೆ. ಅವರು ಏನು ಹೇಳಿದರು ಎಂಬುದನ್ನು ಈ ಟಿಪ್ಪಣಿ ಪುಸ್ತಕದಲ್ಲೇ ಮುಂದೆ ಬರೆಯುತ್ತೇನೆ.