ಪರದೇಶದಲ್ಲಿ ಕಟ್ಟಿದ ಮನೆ

ಮನೆಯೆಂಬುದು ಗೋಡೆ ಮಾಡುಗಳಲ್ಲ, ಗೃಹಿಣಿಯೇ ಮನೆಯೆಂದು ನಮ್ಮ ಪೂರ್ವಿಕರು ಹೇಳಿದರು. ಈ ಮಾತು ನಿಜವಾದರೆ, ಗೃಹಿಣಿಯು ಕಡಲನ್ನು ದಾಟಿದ ದಿವಸ ಮನೆಯೂ ಕಡಲನ್ನು ದಾಟಿತೆಂದೇ ಹೇಳಬೇಕು. ಆದರೆ ಲೋಕಾನುಭವವು ಅಷ್ಟು ಸರಳವಾಗಿಲ್ಲ. ಊರನ್ನು ಬಿಡುವವನು ಕೆಲವನ್ನು ತನ್ನೊಡನೆ ಒಯ್ಯುವನು, ಕೆಲವನ್ನು ಬಿಟ್ಟುಹೋಗುವನು. ಒಯ್ದುದರಿಂದ ಹೊಸ ಮನೆಯು ಏಳುವುದು. ಬಿಟ್ಟುದರಿಂದ ಹಳೆಯ ಮನೆಯು ಕಾಡುವುದು. ಏನನ್ನು ಒಯ್ಯಬೇಕು, ಯಾರನ್ನು ಬಿಡಬೇಕು ಎಂಬ ವಿಚಾರದಲ್ಲಿ ಮನುಷ್ಯನ ಧರ್ಮಪರೀಕ್ಷೆಯೇ ಅಡಗಿದೆ. ಇಂಗ್ಲೆಂಡನ್ನು ತೊರೆದು ಇಟಲಿಯಲ್ಲಿ ನೆಲಸಿದ ಕವಿದಂಪತಿಗಳೊಬ್ಬರ ಬಾಳು ಈ ಪರೀಕ್ಷೆಗೆ ಒಳ್ಳೆಯ ನಿದರ್ಶನ. ಪತಿ ರಾಬರ್ಟ್ ಬ್ರೌನಿಂಗ್. ಪತ್ನಿ ಎಲಿಜಬೆತ್ ಬ್ಯಾರೆಟ್. ಅವರೊಡನೆ ಹೋದುದು ಫ್ಲಷ್ ಎಂಬ ನಾಯಿ.

ಎಲಿಜಬೆತ್ ಹುಟ್ಟಿದುದು 1806ರಲ್ಲಿ. ಚಿಕ್ಕಂದಿನಲ್ಲಿಯೇ ಗ್ರೀಕ್ ಭಾಷೆಯನ್ನು ಕಲಿತು ಕಾವ್ಯರಚನೆಗೆ ತೊಡಗಿದ ಆಕೆಯು ಪ್ರಾಯದಲ್ಲಿ ರೋಗಕ್ಕೆ ತುತ್ತಾಗಿ ಹಾಸಿಗೆ ಹಿಡಿದಳು. 1840ರಲ್ಲಿ ಆಕೆಯ ಅಚ್ಚುಮೆಚ್ಚಿನ ತಮ್ಮನು ಟಾರ್ಕೀ ಎಂಬ ಊರಿನ ಹತ್ತಿರ ಕಡಲಿನಲ್ಲಿ ಮುಳುಗಿ ತೀರಿಕೊಂಡನು. ಆ ದುಃಖದಿಂದ ಆಕೆಯು ಮತ್ತೆ ಏಳುವಳೋ ಇಲ್ಲವೋ ಎಂಬಂತಿದ್ದಾಗ, ಮೇರಿ ರಸೆಲ್ ಮಿಟ್‌ಫರ್ಡ್ ಎಂಬ ಲೇಖಿಕೆಯು ಗೆಳತಿಯ ಸಂತೈಕೆಗಾಗಿ ಒಂದು ನಾಯಿಮರಿಯನ್ನು ಕಳುಹಿಸಿದಳು. ಇಳಿಬಿದ್ದ ಉದ್ದ ಕಿವಿಗಳು, ಹೊಂಗಂದು ಬಣ್ಣದ ರೇಷ್ಮೆಯಂತಹ ಕೂದಲು, ಅದೇ ಫ್ಲಷ್. ಲಂಡನ್ನಿನ ವಿಂಪೋಲ್ ಬೀದಿಯ 50ನೆಯ ಮನೆಯಲ್ಲಿ, ಮುಚ್ಚಿದ ಕಿಟಕಿಗಳ ಒಂದು ಕೋಣೆಯಲ್ಲಿ, ರೋಗಿಯ ಕಾಲ ಬಳಿ ಆ ನಾಯಿಯು ವರ್ಷಗಳನ್ನು ಕಳೆಯಿತು. ಓಡಾಡಬೇಕಾದ ಪ್ರಾಣಿಯು ಒಡತಿಗಾಗಿ ಬಿಸಿಲನ್ನೂ ಹುಲ್ಲನ್ನೂ ಬಿಟ್ಟುಕೊಟ್ಟಿತು. ಈ ಋಣವನ್ನು ಎಲಿಜಬೆತ್ ಮರೆಯಲಿಲ್ಲ. 1844ರ ಕವನಸಂಗ್ರಹದಲ್ಲಿ ಆ ನಾಯಿಯನ್ನು ಕುರಿತ ಪದ್ಯವೂ ಸೇರಿದೆ.

1845ರ ಜನವರಿಯಲ್ಲಿ ಬ್ರೌನಿಂಗನು ಆಕೆಗೆ ಮೊದಲ ಕಾಗದವನ್ನು ಬರೆದನು. ಮೇ ತಿಂಗಳಲ್ಲಿ ಆಕೆಯನ್ನು ಕಂಡನು. ಆತನು ಆಕೆಗಿಂತ ಆರು ವರ್ಷ ಕಿರಿಯನು. ಈ ಹೊಸಬನ ಕಾಲಸಪ್ಪಳವು ಫ್ಲಷ್‌ಗೆ ಹಿಡಿಸಲಿಲ್ಲ. ಒಂದಲ್ಲ ಎರಡು ಬಾರಿ ಅದು ಕವಿಯನ್ನು ಕಚ್ಚಿತು. ಆತನು ಕೋಪಿಸಿಕೊಳ್ಳದೆ ನಾಯಿಗೆ ತಿಂಡಿಯನ್ನು ತಂದನು, ಕ್ರಮೇಣ ಸಂಧಿಯಾಯಿತು.

ಆದರೆ ನಾಯಿಯೊಡನೆ ಮುಗಿದ ಜಗಳವು ನಾಯಿಯ ವಿಷಯವಾಗಿ ಮತ್ತೆ ಎದ್ದಿತು. ಆ ಕಾಲದ ಲಂಡನ್ನಿನಲ್ಲಿ ನಾಯಿಗಳ್ಳತನವು ಒಂದು ವ್ಯಾಪಾರವೇ ಆಗಿದ್ದಿತು. ಸಿರಿವಂತರ ನಾಯಿಗಳನ್ನು ಕದ್ದೊಯ್ದು, ಹಣ ತೆರದಿದ್ದರೆ ಕೊಂದುಬಿಡುವೆವೆಂದು ಬೆದರಿಸುವರು. ಫ್ಲಷ್ ಹೀಗೆ ಮೂರು ಸಲ ಕಳುವಾಯಿತು. ಮೂರನೆಯ ಸಲ ಕಳುವಾದುದು 1846ರ ಸೆಪ್ಟೆಂಬರ್ ಮೊದಲಲ್ಲಿ. ಗುಟ್ಟಾಗಿ ಮದುವೆಯಾಗಿ ಇಟಲಿಗೆ ಹೋಗಬೇಕೆಂದು ಇಬ್ಬರೂ ನಿಶ್ಚಯಿಸಿದ್ದ ಸಮಯವದು. ಕಳ್ಳರಿಗೆ ಹಣವನ್ನು ತೆರಕೂಡದೆಂದು ತಂದೆಯ ಮತ. ಆಶ್ಚರ್ಯವೇನೆಂದರೆ, ಬ್ರೌನಿಂಗನ ಮತವೂ ಅದೇ. ಸುಲಿಗೆಗೆ ಒಬ್ಬನು ಮಣಿದರೆ ಸಾವಿರ ಜನರಿಗೆ ಅಪಾಯ, ಆದುದರಿಂದ ನೀತಿಯನ್ನು ಬಿಡಲಾಗದು ಎಂದು ಆತನು ಬರೆದನು. ತರ್ಕವು ನಿರ್ದುಷ್ಟವಾದುದೇ. ಅದಕ್ಕೆ ಎಲಿಜಬೆತ್ ಕೊಟ್ಟ ಉತ್ತರವಾದರೋ ತರ್ಕವನ್ನೇ ತಲೆಕೆಳಗು ಮಾಡುವಂತಹುದು: ನಾಳೆ ಇಟಲಿಯ ಬೆಟ್ಟಗಳಲ್ಲಿ ದರೋಡೆಗಾರರು ನನ್ನನ್ನೇ ಹಿಡಿದೊಯ್ದು, ನನ್ನ ಒಂದು ಕಿವಿಯನ್ನು ಕತ್ತರಿಸಿ ನಿನಗೆ ಕಳುಹಿಸಿದರೆ, ಆಗಲೂ ಹೀಗೆಯೇ ಹೇಳುವೆಯಾ?

ಬಾಯಿಮಾತಿನಲ್ಲಿಯೇ ಆಕೆಯು ನಿಲ್ಲಲಿಲ್ಲ. ಮನೆಯಿಂದ ಹೊರಗೆ ಕಾಲಿಡಲು ಹೆದರುತ್ತಿದ್ದ ಆ ರೋಗಿಯು ವಿಲ್ಸನ್ ಎಂಬ ದಾಸಿಯನ್ನು ಜೊತೆಗೆ ಕರೆದುಕೊಂಡು, ಬಾಡಿಗೆಯ ಗಾಡಿಯಲ್ಲಿ ಕುಳಿತು, ಲಂಡನ್ನಿನ ಪೂರ್ವಭಾಗದ ಕಳ್ಳರ ಕೇರಿಗೆ ತಾನೇ ಹೋದಳು. ಕೊನೆಗೆ ಆರು ಗಿನಿಗಳನ್ನು ತೆತ್ತು ನಾಯಿಯನ್ನು ಬಿಡಿಸಿಕೊಂಡಳು. ಮೂರು ಸಲದ ದಂಡವೂ ಸೇರಿ ಇಪ್ಪತ್ತು ಪೌಂಡುಗಳಾದುವೆಂದು ಆಕೆಯೇ ಲೆಕ್ಕ ಹಾಕಿರುವಳು.

ಇಲ್ಲಿ ಮಹಾಪ್ರಸ್ಥಾನಿಕ ಪರ್ವವು ಸ್ಮರಣೆಗೆ ಬಾರದಿರದು. ಸ್ವರ್ಗದ ರಥವು ಮುಂದೆ ನಿಂತಿದೆ. ನಾಯಿಯನ್ನು ಬಿಟ್ಟು ಏರು ಎಂದು ದೇವೇಂದ್ರನು ಕರೆಯುತ್ತಿದ್ದಾನೆ. ನಂಬಿ ಬಂದುದನ್ನು ಬಿಡಲಾರೆನೆಂದು ಧರ್ಮರಾಯನು ನಿಂತುಬಿಟ್ಟನು. ಆಗ ಇಂದ್ರನು ಒಂದು ಕಠಿನವಾದ ಪ್ರಶ್ನೆಯನ್ನು ಹಾಕುವನು: ಹೆಂಡತಿಯನ್ನೂ ತಮ್ಮಂದಿರನ್ನೂ ಹಾದಿಯಲ್ಲಿ ಬಿಟ್ಟು ಬಂದವನಿಗೆ ಈ ನಾಯಿಯ ಮೇಲೆ ಇಷ್ಟೇಕೆ ಮೋಹ? ಧರ್ಮರಾಯನ ಉತ್ತರವು ಸ್ಪಷ್ಟವಾಗಿದೆ. ಅವರು ಸತ್ತ ಮೇಲೆ ಬಿಟ್ಟೆನು, ಸತ್ತವರನ್ನು ಬದುಕಿಸುವುದು ನನ್ನಿಂದಾಗದು, ಬದುಕಿದ್ದಾಗ ಬಿಡಲಿಲ್ಲ. ಎಲಿಜಬೆತ್‌ಗೂ ಇದೇ ಪ್ರಶ್ನೆಯನ್ನು ಹಾಕಬಹುದು. ನಾಯಿಯನ್ನು ಬಿಡಲಾರದವಳು ತಂದೆಯನ್ನು ಹೇಗೆ ಬಿಟ್ಟಳು? ಆಕೆಗೆ ಧರ್ಮರಾಯನ ಉತ್ತರವು ದೊರೆಯುವಂತಿರಲಿಲ್ಲ, ತಂದೆಯು ಜೀವಂತನಾಗಿದ್ದನು. ಆಕೆಯ ಬಾಳಿನ ಸಂಕಟವೆಲ್ಲ ಇಲ್ಲಿಯೇ ಇದೆ.

ತಂದೆ ಎಡ್ವರ್ಡ್ ಬ್ಯಾರೆಟನು ಮಕ್ಕಳನ್ನು ಪ್ರೀತಿಸದವನಲ್ಲ. ಆದರೆ ತನ್ನ ಮಕ್ಕಳಲ್ಲಿ ಯಾರೂ ಮದುವೆಯಾಗಕೂಡದೆಂಬುದು ಆತನ ಕಟ್ಟಳೆ. ಆದುದರಿಂದ 1846ರ ಸೆಪ್ಟೆಂಬರ್ 12ರಂದು ಸೇಂಟ್ ಮೇರಿಲಬೋನ್ ದೇವಾಲಯದಲ್ಲಿ ಇಬ್ಬರೇ ಸಾಕ್ಷಿಗಳೆದುರಿಗೆ ವಿವಾಹವು ನಡೆಯಿತು. ವಧುವು ಉಂಗುರವನ್ನು ತೆಗೆದಿಟ್ಟು ಮತ್ತೆ ತಂದೆಯ ಮನೆಗೆ ಹೋಗಿ ಒಂದು ವಾರವಿದ್ದಳು. ಸೆಪ್ಟೆಂಬರ್ 19ರಂದು ದಂಪತಿಗಳೂ ವಿಲ್ಸನಳೂ ಫ್ಲಷ್ಷೂ ಹೊರಟು ಸಮುದ್ರವನ್ನು ದಾಟಿ ಫ್ರಾನ್ಸಿಗೆ ಬಂದರು. ಹೊರಟವರು ಮೂವರೆಂದು ಹೇಳುವುದು ವಾಡಿಕೆ, ವಾಸ್ತವವಾಗಿ ನಾಲ್ವರು. ಯಜಮಾನಿಯ ನಂಬಿಕೆಗಾಗಿ ಅರಿಯದ ದೇಶಕ್ಕೆ ಹೊರಟ ಆ ದಾಸಿಯನ್ನು ಮರೆಯುವುದು ಅನ್ಯಾಯ.

ದಕ್ಷಿಣಕ್ಕೆ ಪ್ರಯಾಣ ಮಾಡುತ್ತ ಅವರು ಪೆಟ್ರಾರ್ಕ್ ಕವಿಯಿಂದ ಪ್ರಸಿದ್ಧವಾದ ವೊಕ್ಲೂಸಿನ ಬುಗ್ಗೆಯನ್ನು ನೋಡಲು ಹೋದರು. ಬ್ರೌನಿಂಗನು ಹೆಂಡತಿಯನ್ನು ಎತ್ತಿಕೊಂಡು ತಿಳಿನೀರನ್ನು ದಾಟಿಸಿ ನಡುವಣ ಬಂಡೆಯ ಮೇಲೆ ಕುಳ್ಳಿರಿಸಿದನು. ಒಡತಿಗೆ ಏನಾಯಿತೋ ಎಂದು ಫ್ಲಷ್ಷೂ ನೀರಿಗೆ ಹಾರಿತು. ಪೆಟ್ರಾರ್ಕನ ಹೆಸರಿನಲ್ಲಿ ನಾಯಿಗೆ ತೀರ್ಥಸ್ನಾನವಾಯಿತೆಂದು ಆಕೆಯು ನಗೆಯಾಡಿದಳು.

ಮೊದಲ ಚಳಿಗಾಲವನ್ನು ಪೀಸಾ ನಗರದಲ್ಲಿ ಕಳೆದರು. ಅಡಿಗೆಯ ಚಿಂತೆಯಿಲ್ಲ, ಮಧ್ಯಾಹ್ನದ ಊಟವು ಹೋಟೆಲಿನಿಂದ ಬರುವುದು, ಚಳಿಗೆ ಒಲೆಯ ಬೆಂಕಿ, ಬಾಯಿಗೆ ದ್ರಾಕ್ಷಿ. ವೈದ್ಯರು ಇನ್ನೆಷ್ಟು ದಿನವೋ ಎಂದಿದ್ದ ರೋಗಿಯು ಎದ್ದು ನಡೆದಾಡಿದಳು. ಆದರೆ ಹೊಸ ದೇಶಕ್ಕೆ ಎಲ್ಲರಿಗಿಂತ ಮೊದಲು ಹೊಂದಿಕೊಂಡುದು ನಾಯಿಯೇ. ಫ್ಲಷ್ ಪ್ರತಿದಿನವೂ ಹೊರಗೆ ಹೋಗಿ ಅಲ್ಲಿಯ ಪುಟ್ಟ ನಾಯಿಗಳೊಡನೆ ಇಟಾಲಿಯನ್ ಭಾಷೆಯನ್ನು ಆಡಿ ಬರುವುದೆಂದು ಎಲಿಜಬೆತ್ ಕಾಗದದಲ್ಲಿ ವಿನೋದವಾಗಿ ಬರೆದಳು. ನಮ್ಮ ಋಗ್ವೇದದ ಸರಮೆಯೂ ರಸಾನದಿಯನ್ನು ದಾಟಿ ಪಣಿಗಳ ನಾಡಿಗೆ ಹೋಗಿ ಅವರೊಡನೆ ಮಾತನಾಡಿದವಳಲ್ಲವೆ? ಆ ದೇವಶುನಿಯು ಹೋದುದು ಕದ್ದ ಗೋವುಗಳನ್ನು ಹುಡುಕಲು. ಫ್ಲಷ್ ಹೋದುದು ಕಳ್ಳರಿಲ್ಲದ ಬೀದಿಯನ್ನು ಹುಡುಕಿ. ಲಂಡನ್ನಿನಲ್ಲಿ ಸರಪಳಿಯಿಲ್ಲದೆ ಹೊರಗೆ ಹೋಗಲಾರದಿದ್ದ ಪ್ರಾಣಿಗೆ ಇಲ್ಲಿ ಊರೆಲ್ಲವೂ ಅಂಗಳವಾಯಿತು. ಕಾಲಕ್ರಮದಲ್ಲಿ ಅದಕ್ಕೆ ಸ್ವಲ್ಪ ಗರ್ವವೂ ಬಂದಿತು; ತನ್ನ ಸೇವೆ ಮಾಡುವುದೇ ರಾಬರ್ಟನ ಉದ್ಯೋಗವೆಂದು ಅದು ಭಾವಿಸಿದಂತಿತ್ತು.

1847ರ ಏಪ್ರಿಲಿನಲ್ಲಿ ಅವರು ಫ್ಲಾರೆನ್ಸಿಗೆ ಬಂದರು. ಅಲ್ಲಿಯ ಬೇಸಗೆಯಲ್ಲಿ ಚಿಗಟಗಳ ಕಾಟವು ಹೇಳತೀರದು. ರಾಬರ್ಟನು ಕತ್ತರಿಯನ್ನು ಹಿಡಿದು ಆ ರೇಷ್ಮೆಗೂದಲನ್ನೆಲ್ಲ ಕತ್ತರಿಸಿ ನಾಯಿಗೆ ಸಿಂಹದ ವೇಷವನ್ನು ಬರಿಸಿದನು. ತನ್ನ ಕುಲದ ಲಕ್ಷಣವನ್ನೂ ಚೆಲುವನ್ನೂ ಕಳೆದುಕೊಂಡು ನಾಯಿಯು ನೆಮ್ಮದಿಯನ್ನು ಪಡೆಯಿತು. ಪರದೇಶವಾಸಿಗಳೆಲ್ಲರೂ ಒಂದಲ್ಲ ಒಂದು ದಿನ ಈ ಕತ್ತರಿಗೆ ಮೈಯೊಡ್ಡಲೇಬೇಕು. ಹುಟ್ಟಿದೂರಿನಲ್ಲಿ ಯಾವುದು ಭೂಷಣವೋ ಅದೇ ಅಲ್ಲಿ ಭಾರ.

ಮನೆ ಹುಡುಕುವ ಕಷ್ಟವೂ ಅವರಿಗೆ ತಪ್ಪಲಿಲ್ಲ. ಬೇಸಗೆಗೆ ಕಾಸಾ ಗ್ವೀದಿ ಎಂಬ ಹಳೆಯ ಅರಮನೆಯ ಒಂದು ಭಾಗವನ್ನು ಹಿಡಿದರು. ಚಳಿಗಾಲಕ್ಕೆ ಬೇರೊಂದು ಮನೆಯನ್ನು ಗೊತ್ತುಮಾಡಿ ಅಲ್ಲಿಗೆ ಹೋದರೆ, ಅದಕ್ಕೆ ಬಿಸಿಲೇ ಇಲ್ಲ. ಹಣವು ನಷ್ಟವಾದರೂ ಅದನ್ನು ಬಿಟ್ಟು ಬಿಸಿಲು ಬೀಳುವ ಇನ್ನೊಂದಕ್ಕೆ ಹೋದರು. 1848ರಲ್ಲಿ ಪುನಃ ಕಾಸಾ ಗ್ವೀದಿಗೇ ಬಂದು, ಸಾಮಾನುಗಳಿಲ್ಲದ ಬರಿಯ ಕೋಣೆಗಳನ್ನು ವರ್ಷಕ್ಕೆ 25 ಗಿನಿಗಳ ಬಾಡಿಗೆಗೆ ಹಿಡಿದರು. ಹಳೆಯ ಮಠಗಳಿಂದಲೂ ಅರಮನೆಗಳಿಂದಲೂ ಮಾರಾಟಕ್ಕೆ ಬಂದ ಪೀಠೋಪಕರಣಗಳನ್ನು ಒಂದೊಂದಾಗಿ ಕೊಂಡು ತಂದರು. ಎದುರಿಗೆ ಸಾನ್ ಫೆಲೀಚೆ ದೇವಾಲಯ. ನಡುವೆ ಕಿರಿದಾದ ಬೀದಿ. ರಾತ್ರಿಯ ಹೊತ್ತು ಮೊಗಸಾಲೆಯಲ್ಲಿ ದಂಪತಿಗಳು ಅಡ್ಡಾಡುತ್ತಿದ್ದರೆ ದೇವಾಲಯದ ವಾದ್ಯವು ಕೇಳಿಸುವುದು. ಬಾಡಿಗೆಯ ಕೋಣೆಗಳು ಹೀಗೆ ಮನೆಯಾದುವು.

ದೇಶದ ಸುಖದುಃಖಗಳೂ ಅವರವಾದುವು. 1847ರ ಸೆಪ್ಟೆಂಬರ್ 12ರಂದು, ಅವರ ಮದುವೆಯ ಮೊದಲ ವರ್ಷವು ತುಂಬಿದ ದಿವಸವೇ, ಫ್ಲಾರೆನ್ಸಿನ ಜನರು ತಮ್ಮ ಪ್ರಭುವು ಕೊಟ್ಟ ಹೊಸ ಹಕ್ಕಿಗಾಗಿ ಮಹಾಮೆರವಣಿಗೆಯನ್ನು ನಡೆಸಿದರು. ಮೂರು ತಾಸಿಗೂ ಮೀರಿ ಅದು ಕಿಟಕಿಯ ಕೆಳಗೆ ಸಾಗಿತು. ಫ್ಲಷ್ ಮುಂಗಾಲುಗಳನ್ನು ಕಿಟಕಿಯ ಮೇಲಿಟ್ಟು ಕಿವಿಗಳನ್ನು ಇಳಿಬಿಟ್ಟು ನೋಡಿತು. ಊಟಕ್ಕೂ ಕೋಳಿಯ ಮೂಳೆಗೂ ಸಂಬಂಧವಿಲ್ಲದ ಈ ಸಂಭ್ರಮವು ಅದಕ್ಕೆ ತುಸು ದೀರ್ಘವೆನಿಸಿತಂತೆ. ಕಿಟಕಿಯಿಂದ ಕಂಡ ಇಟಲಿಯ ಆಸೆ ನಿರಾಸೆಗಳನ್ನು ಕುರಿತು ಆಕೆಯು ಬರೆದ ಕಾವ್ಯವು 1851ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 1849ರ ಮಾರ್ಚಿನಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಆಕೆಗೆ ಗಂಡುಮಗುವಾಯಿತು. ಫ್ಲಷ್ ಹದಿನೈದು ದಿನಗಳ ಕಾಲ ಖಿನ್ನವಾಗಿದ್ದು, ಆಮೇಲೆ ಮಗುವಿಗೂ ಗೆಳೆಯನಾಯಿತು. ವಿಲ್ಸನಳೂ 1855ರಲ್ಲಿ ಇಟಲಿಯವನಾದ ಮನೆಯ ಸೇವಕನನ್ನೇ ಮದುವೆಯಾಗಿ ಆ ದೇಶಕ್ಕೆ ಸೇರಿದಳು.

ಇಷ್ಟೆಲ್ಲ ನೆಲೆಗೊಂಡರೂ ಒಂದು ಬಾಗಿಲು ಮಾತ್ರ ತೆರೆಯಲಿಲ್ಲ. ಎಲಿಜಬೆತ್ ಇಟಲಿಯಿಂದ ತಂದೆಗೆ ಕಾಗದಗಳನ್ನು ಬರೆಯುತ್ತಲೇ ಇದ್ದಳು. ಉತ್ತರವಿಲ್ಲ. 1850ರಲ್ಲಿ ತಂಗಿಯೂ ಮದುವೆಯಾದಾಗ ಆಕೆಗೂ ಅದೇ ಬಹಿಷ್ಕಾರವಾಯಿತು. 1851ರಲ್ಲಿ ದಂಪತಿಗಳು ಮಗುವನ್ನೂ ಫ್ಲಷ್ಷನ್ನೂ ಕರೆದುಕೊಂಡು ಲಂಡನ್ನಿಗೆ ಬಂದರು. ಬ್ರೌನಿಂಗನು ಮಾವನಿಗೆ ವಿನಯದಿಂದ ಒಂದು ಪತ್ರವನ್ನು ಬರೆದನು. ಉಗ್ರವಾದ ಮಾರುತ್ತರವು ಬಂದಿತು. ಅದರೊಡನೆ ಕಟ್ಟುಗಳೂ ಬಂದುವು. ಬಿಚ್ಚಿ ನೋಡಿದರೆ, ಐದು ವರ್ಷಗಳಿಂದ ಮಗಳು ತಂದೆಗೆ ಬರೆದಿದ್ದ ಕಾಗದಗಳು. ಯಾವುದರ ಅರಗುಮುದ್ರೆಯೂ ಒಡೆದಿರಲಿಲ್ಲ. ಅವುಗಳಲ್ಲಿ ಸಾವಿನ ಸೂಚನೆಯಾದ ಕರಿಯ ಅಂಚಿನ ಲಕೋಟೆಗಳೂ ಇದ್ದುವು. ಮಗಳ ಗಂಡನೇ ಸತ್ತನೋ, ಕೂಸು ಸತ್ತಿತೋ ಎಂದು ತಿಳಿಯುವ ಕುತೂಹಲವೂ ಆ ತಂದೆಗೆ ಹುಟ್ಟಲಿಲ್ಲ. 1857ರಲ್ಲಿ ಆತನು ಮಗಳನ್ನು ಕ್ಷಮಿಸದೆಯೇ ತೀರಿಕೊಂಡನು.

ಈಗ ಇಂದ್ರನ ಪ್ರಶ್ನೆಗೆ ಮರಳಬಹುದು. ಎಲಿಜಬೆತ್ ತಂದೆಯನ್ನು ಬಿಟ್ಟಳೆ? ಮನೆಯನ್ನು ಬಿಟ್ಟುದು ನಿಜ. ಗುಟ್ಟಾಗಿ ಬಿಟ್ಟುದೂ ನಿಜ. ಆ ಗುಟ್ಟು ತಂದೆಯನ್ನು ನೋಯಿಸಿತೆಂಬುದನ್ನು ಆಕೆಯೇ ಅರಿತಿದ್ದಳು. ಆದರೆ ಕಡಲಾಚೆಯಿಂದ ಕೈನೀಡುತ್ತಲೇ ಇದ್ದವಳನ್ನು ಬಿಟ್ಟುಹೋದವಳೆನ್ನಲಾಗದು. ಬಿಟ್ಟವನು ವಿಂಪೋಲ್ ಬೀದಿಯಿಂದ ಒಂದು ಹೆಜ್ಜೆಯನ್ನೂ ಕದಲದೆ ಬಿಟ್ಟನು. ಮನೆಯೊಳಗೆ ಕುಳಿತೇ ದೇಶಾಂತರವನ್ನು ಹೊಂದಿದವನು ಆತನೇ. ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿಕೊಟ್ಟವರೂ, ಕಳುಹಿಸದೆಯೇ ಕಳೆದುಕೊಂಡವರೂ ಈ ಮಾತನ್ನು ಆಲೋಚಿಸಬೇಕು. ಕೋಪವಿದ್ದರೆ ಇರಲಿ, ಕಾಗದವನ್ನು ಒಡೆದು ಓದಬೇಕು.

ಫ್ಲಷ್ 1854ರಲ್ಲಿ ಮುಪ್ಪಿನಿಂದ ಸತ್ತಿತು. ಕಾಸಾ ಗ್ವೀದಿಯ ನೆಲಮಾಳಿಗೆಯಲ್ಲಿ ಅದನ್ನು ಹೂಳಿದರು. ಎಲಿಜಬೆತ್ 1861ರ ಜೂನ್ 29ರಂದು ಅದೇ ಮನೆಯಲ್ಲಿ ಪತಿಯ ತೋಳುಗಳಲ್ಲಿ ಪ್ರಾಣ ಬಿಟ್ಟಳು. ಫ್ಲಾರೆನ್ಸಿನ ಜನರು ಆ ಮನೆಯ ಗೋಡೆಯ ಮೇಲೆ ಕೃತಜ್ಞತೆಯ ಶಿಲಾಶಾಸನವನ್ನು ಇರಿಸಿದರು. ಪರದೇಶದವಳನ್ನು ಊರು ತನ್ನವಳೆಂದು ಒಪ್ಪಿಕೊಂಡಿತು. ಬ್ರೌನಿಂಗನು ಮಗನೊಡನೆ ಫ್ಲಾರೆನ್ಸನ್ನು ಬಿಟ್ಟು ಹೊರಟನು. ಆಮೇಲೆ ಇಪ್ಪತ್ತೆಂಟು ವರ್ಷ ಬದುಕಿ, ಇಟಲಿಗೆ ಎಷ್ಟೋ ಬಾರಿ ಬಂದು, 1889ರಲ್ಲಿ ವೆನಿಸ್ ನಗರದಲ್ಲಿಯೇ ತೀರಿಕೊಂಡರೂ, ಆ ಊರಿಗೆ ಮಾತ್ರ ಆತನು ಮತ್ತೆ ಕಾಲಿಡಲಿಲ್ಲ. ಅರಮನೆಯಿತ್ತು, ಮೊಗಸಾಲೆಯಿತ್ತು, ಎದುರಿನ ದೇವಾಲಯದ ವಾದ್ಯವೂ ಇದ್ದಿತು. ಪೂರ್ವಿಕರ ಮಾತಿನಂತೆ, ಮನೆ ಇರಲಿಲ್ಲ.